ಪರಿಚಯವೇ ಪ್ರೀತಿಯಾಗುವ ಬಗೆ

2025ರ ಮೇ ತಿಂಗಳಲ್ಲಿ ಕರ್ನಾಟಕದಲ್ಲಿ ಒಂದು ಸೋಪಿನ ಸುತ್ತ ದೊಡ್ಡ ಗದ್ದಲವೆದ್ದಿತು. ಮೈಸೂರು ಸ್ಯಾಂಡಲ್ ಸೋಪಿಗೆ ನಟಿ ತಮನ್ನಾ ಭಾಟಿಯಾ ಎರಡು ವರ್ಷ ರಾಯಭಾರಿ, ಅದಕ್ಕೆ ಸಂಭಾವನೆ 6.2 ಕೋಟಿ ರೂಪಾಯಿ ಎಂಬ ಆದೇಶ ಹೊರಬಿದ್ದದ್ದೇ ತಡ, ಕನ್ನಡದ ನಟಿಯರು ಯಾರೂ ಸಿಗಲಿಲ್ಲವೇ ಎಂದು ಜನ ಕೇಳಿದರು. ರಾಜ್ಯದ ಆಚೆಯ ಮಾರುಕಟ್ಟೆಗೆ ಹೋಗಬೇಕಾದರೆ ದೇಶಕ್ಕೆಲ್ಲ ಗೊತ್ತಿರುವ ಮುಖ ಬೇಕು ಎಂದು ಸರ್ಕಾರ ಉತ್ತರ ಕೊಟ್ಟಿತು. ವಾದ ಎಷ್ಟೇ ಜೋರಾಗಿ ನಡೆದರೂ ಒಂದು ಮಾತನ್ನು ಎರಡೂ ಕಡೆಯವರು ತಕರಾರಿಲ್ಲದೆ ಒಪ್ಪಿಕೊಂಡಿದ್ದರು: ತಾರೆಯ ಮುಖ ಕಂಡರೆ ಜನ ಸೋಪು ಕೊಳ್ಳುತ್ತಾರೆ. ಇದು ನಿಜವೇ? ನಿಜವಾದರೆ ಯಾವಾಗ ನಿಜ, ಯಾರ ವಿಷಯದಲ್ಲಿ ನಿಜ? ಮನೋವಿಜ್ಞಾನಿಗಳು ದಶಕಗಳಿಂದ ಪ್ರಯೋಗ ಮಾಡಿ ಹುಡುಕಿದ ಉತ್ತರ ನಮ್ಮ ಚರ್ಚೆಗಿಂತ ಎಷ್ಟೋ ಸ್ವಾರಸ್ಯಕರವಾಗಿದೆ.

ಮೊದಲು ಒಂದು ಹಳೆಯ ಸುಳ್ಳನ್ನು ದಾರಿಯಿಂದ ಸರಿಸಬೇಕು. 1957ರಲ್ಲಿ ಜೇಮ್ಸ್ ವಿಕರಿ ಎಂಬ ಅಮೆರಿಕದ ಮಾರುಕಟ್ಟೆ ಸಂಶೋಧಕ ಪತ್ರಕರ್ತರನ್ನು ಕರೆದು ಒಂದು ಸುದ್ದಿ ಕೊಟ್ಟ. ನ್ಯೂಜೆರ್ಸಿಯ ಚಿತ್ರಮಂದಿರವೊಂದರಲ್ಲಿ ಸಿನಿಮಾ ನಡೆಯುತ್ತಿರುವಾಗಲೇ, ಕೋಕಾ ಕೋಲಾ ಕುಡಿಯಿರಿ, ಪಾಪ್‌ಕಾರ್ನ್ ತಿನ್ನಿ ಎಂಬ ಸೂಚನೆಗಳನ್ನು ಸೆಕೆಂಡಿನ ಮೂರು ಸಾವಿರದಲ್ಲೊಂದು ಭಾಗದಷ್ಟು ಹೊತ್ತು ಪರದೆಯ ಮೇಲೆ ಮಿಂಚಿಸಿದ್ದೇನೆ; ಯಾರ ಗಮನಕ್ಕೂ ಬಾರದಿದ್ದರೂ ಕೋಲಾ ಮಾರಾಟ ಶೇಕಡಾ 18.1ರಷ್ಟು, ಪಾಪ್‌ಕಾರ್ನ್ ಮಾರಾಟ ಶೇಕಡಾ 57ಕ್ಕೂ ಹೆಚ್ಚು ಏರಿತು ಎಂದ. ಜನ ಹೌಹಾರಿದರು. ಐದು ವರ್ಷಗಳ ನಂತರ, 1962ರಲ್ಲಿ, ತನ್ನ ಬಳಿಯಿದ್ದ ಮಾಹಿತಿ ಯಾವ ತೀರ್ಮಾನಕ್ಕೂ ಸಾಲದಷ್ಟು ಕಡಿಮೆ, ಅದು ವ್ಯವಹಾರಕ್ಕಾಗಿ ಹೂಡಿದ ಗಿಮಿಕ್ ಎಂದು ಅವನೇ ಒಪ್ಪಿಕೊಂಡ. ಆ ತಪ್ಪೊಪ್ಪಿಗೆ ಮೊದಲ ಸುದ್ದಿಯಷ್ಟು ದೂರ ಹೋಗಲೇ ಇಲ್ಲ. ಮಿದುಳಿನ ಖರೀದಿ ಗುಂಡಿಯನ್ನು ಒತ್ತಿಬಿಡುತ್ತೇವೆ ಎಂದು ಇಂದು ಕೆಲವರು ಕೊಡುವ ಭರವಸೆಗಳೂ ಇದೇ ವಂಶದವು. ಅಂಥ ಗುಂಡಿ ಯಾವುದೂ ಮಿದುಳಿನಲ್ಲಿ ಸಿಕ್ಕಿಲ್ಲ.

ನಿಜವಾಗಿ ಸಿಕ್ಕಿರುವುದು ಬೇರೆ. ಅದನ್ನು ತೋರಿಸಿಕೊಟ್ಟವರು ರಾಬರ್ಟ್ ಝಾಯನ್ಸ್. 1923ರಲ್ಲಿ ಪೋಲೆಂಡಿನ ವುಜ್ ನಗರದಲ್ಲಿ ಹುಟ್ಟಿ, ಯುದ್ಧದ ಸಂಕಷ್ಟಗಳನ್ನು ದಾಟಿ ಅಮೆರಿಕ ಸೇರಿ, ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲ ದುಡಿದ ವಿಜ್ಞಾನಿ. ಒಂದು ವಸ್ತು ನಮಗೆ ಇಷ್ಟವಾಗಲು ಅದು ಮತ್ತೆ ಮತ್ತೆ ಕಣ್ಣಿಗೆ ಬಿದ್ದರೆ ಸಾಕು, ಬೇರೆ ಕಾರಣವೇ ಬೇಡ ಎಂದು 1968ರಲ್ಲಿ ಅವರು ಪ್ರಕಟಿಸಿದ ಪ್ರಬಂಧದ ವಾದ. ಅರ್ಥ ಗೊತ್ತಿಲ್ಲದ ಪದಗಳು, ಚೀನೀ ಲಿಪಿಯಂಥ ಆಕೃತಿಗಳು, ಅಪರಿಚಿತರ ಫೋಟೋಗಳು, ಯಾವುದನ್ನೇ ತೋರಿಸಿದರೂ ಹೆಚ್ಚು ಸಲ ಕಂಡದ್ದೇ ಹೆಚ್ಚು ಮೆಚ್ಚುಗೆ ಪಡೆಯಿತು.

ಪ್ರಯೋಗಾಲಯದ ಮಾತು ಹೊರಗೆ ನಡೆದೀತೇ ಎಂದು ಪರೀಕ್ಷಿಸಲು ಝಾಯನ್ಸ್ ಮತ್ತು ಸಹಸಂಶೋಧಕ ರಾಜೆಕಿ ಮಾಡಿದ ಕೆಲಸ ನನಗೆ ಇಡೀ ಮನೋವಿಜ್ಞಾನದಲ್ಲೇ ಅತ್ಯಂತ ಮೆಚ್ಚಿನದು. ಮಿಶಿಗನ್ನಿನ ಎರಡು ವಿಶ್ವವಿದ್ಯಾಲಯಗಳ ವಿದ್ಯಾರ್ಥಿ ಪತ್ರಿಕೆಗಳಲ್ಲಿ, ಜಾಹೀರಾತು ಬರುವ ಜಾಗದ ಒಂದು ಚಿಕ್ಕ ಚೌಕದೊಳಗೆ, ಒಂದೊಂದು ದಿನ ಒಂದೊಂದು ಪದ ಅಚ್ಚಾಗತೊಡಗಿತು. ಕದಿರ್ಗ. ಸರಿಚಿಕ್. ನನ್ಸೋಮ. ಇಕ್ತಿತಾಫ್. ಟರ್ಕಿಯ ಭಾಷೆಯವು ಎನಿಸುವಂಥ ಪದಗಳು. ಇವು ಏನು, ಏಕೆ ಎಂಬ ವಿವರಣೆ ಒಂದಕ್ಷರವೂ ಇಲ್ಲ. ಓದುಗರು ವಿಚಾರಿಸಿದರೆ, ಜಾಹೀರಾತು ಕೊಟ್ಟವರು ಹೆಸರು ಹೇಳಲು ಬಯಸಿಲ್ಲ ಎಂಬ ಉತ್ತರ. ಕೆಲವು ಪದಗಳು ಒಂದೇ ಒಂದು ಸಲ ಬಂದವು, ಉಳಿದವು 2, 5, 10 ಅಥವಾ 25 ಸಲ. ಒಂದು ಪತ್ರಿಕೆಯಲ್ಲಿ ಅತಿ ಹೆಚ್ಚು ಸಲ ಬಂದ ಪದ ಇನ್ನೊಂದರಲ್ಲಿ ಅತಿ ಕಡಿಮೆ ಸಲ ಬರುವಂತೆ ಅದಲುಬದಲು ಮಾಡಿದ್ದರು. ಪದದ ನಾದವೇ ಚೆನ್ನಾಗಿತ್ತು ಎಂಬ ಅನುಮಾನಕ್ಕೆ ಆಗ ಎಡೆಯಿರುವುದಿಲ್ಲ. ಕೆಲವು ವಾರಗಳ ನಂತರ, ಈ ಪದಗಳ ಅರ್ಥ ಒಳ್ಳೆಯದಿರಬಹುದೋ ಕೆಟ್ಟದ್ದಿರಬಹುದೋ ಹೇಳಿ ಎಂದು ಎರಡೂ ಕಡೆಯವರಿಗೆ ಪ್ರಶ್ನಾವಳಿ ಕಳಿಸಿದರು. ಹೆಚ್ಚು ಸಲ ಅಚ್ಚಾದ ಪದಕ್ಕೆ ಒಳ್ಳೆಯ ಅರ್ಥವೇ ಇರಬೇಕು ಎಂದು ಎರಡೂ ಊರಿನವರು ಊಹಿಸಿದ್ದರು. ಸರಕಿಲ್ಲ, ಬೆಲೆಯಿಲ್ಲ, ತಾರೆಯಿಲ್ಲ, ಹಾಡಿಲ್ಲ. ಬರಿಯ ಪುನರಾವರ್ತನೆಯಿಂದ ಸದಭಿಪ್ರಾಯ ಹುಟ್ಟಿತ್ತು.

1980ರಲ್ಲಿ ಸಂಶೋಧಕ ಕುನ್ಸ್ಟ್ ವಿಲ್ಸನ್ ಜೊತೆ ಸೇರಿ ಝಾಯನ್ಸ್ ಇನ್ನೂ ಆಳಕ್ಕೆ ಹೋದರು. ಅಂಕುಡೊಂಕಾದ ಎಂಟು ಮೂಲೆಗಳ ಆಕೃತಿಗಳನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಹೊತ್ತು ಮಾತ್ರ ತೋರಿಸಿದರು. ಆಮೇಲೆ ಎರಡೆರಡು ಆಕೃತಿಗಳನ್ನು ಮುಂದಿಟ್ಟು, ಮೊದಲು ಕಂಡದ್ದು ಯಾವುದು ಎಂದು ಕೇಳಿದರೆ ಸರಿಯುತ್ತರ ಶೇಕಡಾ 48. ನಾಣ್ಯ ಚಿಮ್ಮಿ ಹೇಳಿದರೂ ಅಷ್ಟೇ ಸಿಗುತ್ತದೆ. ಯಾವುದು ಇಷ್ಟ ಎಂದು ಕೇಳಿದಾಗ ಮಾತ್ರ ಶೇಕಡಾ 60ರಷ್ಟು ಆಯ್ಕೆಗಳು ಮೊದಲು ತೋರಿಸಿದ ಆಕೃತಿಗೇ ಬಿದ್ದವು. ನೆನಪಿಗೆ ಗೊತ್ತಿಲ್ಲದ್ದು ಒಲವಿಗೆ ಗೊತ್ತಿತ್ತು. ಇಲ್ಲಿ ವಿಕರಿಯ ಭೂತ ಮರಳಿ ಬಂದಿತೆಂದು ತಿಳಿಯಬಾರದು. ಎರಡು ಸಮಾನ ಆಕೃತಿಗಳ ನಡುವೆ ತುಸು ಓಲುವುದು ಬೇರೆ, ಸಿನಿಮಾ ಬಿಟ್ಟೆದ್ದು ಹೋಗಿ ದುಡ್ಡು ಕೊಟ್ಟು ಪಾಪ್‌ಕಾರ್ನ್ ಕೊಳ್ಳುವುದು ಬೇರೆ.

ಹೀಗೇಕೆ? ಮತ್ತೆ ಮತ್ತೆ ಎದುರಾಗಿಯೂ ನಮಗೆ ಕೇಡು ಮಾಡದ ವಸ್ತು ಅಪಾಯಕಾರಿಯಲ್ಲ ಎಂದು ಜೀವ ಕಲಿಯುತ್ತದೆ, ಆ ನಿರಾಳವೇ ಇಷ್ಟವಾಗಿ ಅನುಭವಕ್ಕೆ ಬರುತ್ತದೆ ಎಂಬುದು ಝಾಯನ್ಸ್ ಕೊಟ್ಟ ವಿವರಣೆ. ಮನುಷ್ಯರಿಗಷ್ಟೇ ಸೀಮಿತವೂ ಅಲ್ಲ: ಮೊಟ್ಟೆಯೊಳಗಿದ್ದಾಗ ಒಂದು ಸ್ವರವನ್ನು ಕೇಳಿಸಿದ ಕೋಳಿಮರಿಗಳು, ಹೊರಬಂದ ಮೇಲೆ ಅದೇ ಸ್ವರ ಕೇಳಿದಾಗ ಕಡಿಮೆ ಚೀರಿದವು.

ಇದನ್ನು ಯೋಚಿಸುವಾಗಲೆಲ್ಲ ನನಗೆ ನೆನಪಾಗುವುದು ಹಾಲಿಗೆ ಹೆಪ್ಪು ಹಾಕುವ ಕೆಲಸ. ಹೆಪ್ಪು ಒಂದು ಚಮಚ ಸಾಕು. ಪಾತ್ರೆಯ ತುಂಬ ಹಾಕಿದರೆ ಮೊಸರು ಚೆನ್ನಾಗಿ ಬರುತ್ತದೆಂದಿಲ್ಲ. ಜಾಹೀರಾತೂ ಅಷ್ಟೇ. ಸಂಶೋಧಕ ರಾಬರ್ಟ್ ಬಾರ್ನ್‌ಸ್ಟೀನ್ 1989ರಲ್ಲಿ ಇನ್ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ದೀರ್ಘವಾಗಿ ತೋರಿಸಿದ್ದಕ್ಕಿಂತ ಕ್ಷಣಮಾತ್ರ ತೋರಿಸಿದ್ದೇ ಹೆಚ್ಚು ಪರಿಣಾಮ ಮಾಡಿತ್ತು. ಹೆಪ್ಪು ಹಾಕಿದ ಹಾಲನ್ನು ಅಲುಗಾಡಿಸದೆ ಬಿಡಬೇಕು. ಮನಸ್ಸು ಅತ್ತ ಗಮನವಿಟ್ಟು ಕಲಕುತ್ತಿದ್ದರೆ ಒಲವು ಸಲೀಸಾಗಿ ನೆಲೆಯೂರುವುದಿಲ್ಲ. ಹೊತ್ತು ಮೀರಿದರೆ ಮೊಸರು ಹುಳಿಯಾಗುತ್ತದೆ. ಅತಿಯಾಗಿ ತೋರಿಸಿದ ವಸ್ತುವಿನ ಮೇಲೂ ಬೇಸರ ಬಂದು ಮೆಚ್ಚುಗೆ ಇಳಿಯುತ್ತದೆ. ಕ್ರಿಕೆಟ್ ಪಂದ್ಯದಲ್ಲಿ ಪ್ರತಿ ಓವರಿಗೂ ಬರುವ ಒಂದೇ ಜಾಹೀರಾತು ನಮ್ಮನ್ನು ರೇಗಿಸುವುದು ಇದಕ್ಕೇ. ಹಾಲೇ ಒಡೆದಿದ್ದರೆ ಯಾವ ಹೆಪ್ಪೂ ಪ್ರಯೋಜನವಿಲ್ಲ. ಮೊದಲ ನೋಟಕ್ಕೇ ಹೇಸಿಗೆ ಹುಟ್ಟಿಸಿದ್ದನ್ನು ಎಷ್ಟು ಸಲ ತೋರಿಸಿದರೂ ಅದು ಪ್ರಿಯವಾಗುವುದಿಲ್ಲ. ಇನ್ನು ಮುಖ್ಯ ಸಂಗತಿ: ಹಾಲು ಮೊಸರಾದ ಗಳಿಗೆಯನ್ನು ಕಂಡವರಿಲ್ಲ. ಒಂದು ಬ್ರ್ಯಾಂಡ್ ನಮಗೆ ಯಾವಾಗ ಇಷ್ಟವಾಯಿತು ಎಂದೂ ನಮಗೆ ಗೊತ್ತಾಗುವುದಿಲ್ಲ. ಕಾರಣ ಕೇಳಿದರೆ ಗುಣಮಟ್ಟ, ಪರಿಮಳ ಎಂದೆಲ್ಲ ಹೇಳುತ್ತೇವೆ, ಪ್ರಾಮಾಣಿಕವಾಗಿಯೇ ಹೇಳುತ್ತೇವೆ.

ಝಾಯನ್ಸ್ ಪ್ರಬಂಧ ಬರೆಯುವ ಮೊದಲೇ ಈ ಗುಟ್ಟು ವ್ಯಾಪಾರ ಬಲ್ಲವರಿಗೆ ಗೊತ್ತಿತ್ತು. ಮೊದಲ ಮಹಾಯುದ್ಧದಿಂದ ಮೈಸೂರಿನ ಶ್ರೀಗಂಧ ಯುರೋಪಿಗೆ ಹೋಗುವುದು ನಿಂತಾಗ 1916ರಲ್ಲಿ ಗಂಧದೆಣ್ಣೆ ಕಾರ್ಖಾನೆ ಬಂತು, ಅದರ ಬೆನ್ನಿಗೇ ಸೋಪು ಬಂತು. ಸೋಸಲೆ ಗರಳಪುರಿ ಶಾಸ್ತ್ರಿಗಳು ರೂಪಿಸಿದ ಆ ಸೋಪಿನ ಚಿತ್ರ ಟ್ರಾಮ್ ಟಿಕೆಟ್ಟುಗಳ ಮೇಲೆ, ಬೆಂಕಿಪೊಟ್ಟಣಗಳ ಮೇಲೆ ಅಚ್ಚಾಗಿ ದೇಶ ಸುತ್ತಿತು. ಕರಾಚಿಯಲ್ಲಿ ಅದರ ಪ್ರಚಾರಕ್ಕೆಂದು ಒಂಟೆಗಳ ಮೆರವಣಿಗೆಯೇ ನಡೆಯಿತು. ಬೆಂಕಿಪೊಟ್ಟಣ ಯಾವ ವಾದವನ್ನೂ ಮಂಡಿಸುವುದಿಲ್ಲ. ದಿನಕ್ಕೆ ಹತ್ತು ಸಲ ಕೈಗೆ ಬರುತ್ತದೆ, ಅಷ್ಟೇ. ಅಷ್ಟೇ ಸಾಕಾಗುತ್ತದೆ.

ತಾರೆಯ ಪ್ರಶ್ನೆಗೆ ಬರೋಣ. ರಿಚರ್ಡ್ ಪೆಟ್ಟಿ, ಜಾನ್ ಕಾಸಿಯೊಪ್ಪೊ ಮತ್ತು ಡೇವಿಡ್ ಶೂಮನ್ 1983ರಲ್ಲಿ ಎಡ್ಜ್ ಎಂಬ ಕಾಲ್ಪನಿಕ ರೇಜರಿಗೆ ಜಾಹೀರಾತು ತಯಾರಿಸಿದರು. ಕೆಲವು ಪ್ರತಿಗಳಲ್ಲಿ ಹೆಸರಾಂತ ಕ್ರೀಡಾಪಟುಗಳ ಚಿತ್ರ, ಕೆಲವದರಲ್ಲಿ ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್ ಊರಿನ ಸಾಮಾನ್ಯರು. ಕೆಲವದರಲ್ಲಿ ಗಟ್ಟಿಯಾದ ಕಾರಣಗಳು, ಕೆಲವದರಲ್ಲಿ ಪೊಳ್ಳು ಮಾತುಗಳು. ವಿದ್ಯಾರ್ಥಿಗಳಲ್ಲಿ ಅರ್ಧ ಮಂದಿಗೆ, ಈ ರೇಜರ್ ನಿಮ್ಮ ಊರಿಗೇ ಬರಲಿದೆ, ಕೊನೆಗೆ ಉಡುಗೊರೆಯಾಗಿ ಒಂದು ರೇಜರನ್ನೇ ಆರಿಸಿಕೊಳ್ಳಬಹುದು ಎಂದರು. ಉಳಿದವರಿಗೆ ಅದು ಬೇರೆ ಊರಿನ ಸರಕು, ಉಡುಗೊರೆಯೂ ಟೂತ್‌ಪೇಸ್ಟ್. ಆಯ್ಕೆ ತಮ್ಮ ತಲೆಗೇ ಬಂದವರು ಕಾರಣಗಳನ್ನು ತೂಗಿದರು. ಪಕ್ಕದಲ್ಲಿ ನಿಂತ ತಾರೆಯಿಂದ ಅವರ ಅಭಿಪ್ರಾಯ ಕದಲಲಿಲ್ಲ. ಸಂಬಂಧವೇ ಇಲ್ಲದೆ ಓದಿದವರ ಮೇಲೆ ತಾರೆಯ ಮುಖ ಕೆಲಸ ಮಾಡಿತು.

ಅಂದರೆ ತಾರೆಯ ಬಲ ನಿಂತಿರುವುದು ನಮ್ಮ ಅಲಕ್ಷ್ಯದ ಮೇಲೆ. ಟ್ರ್ಯಾಕ್ಟರ್ ಕೊಳ್ಳುವ ರೈತ ಪಕ್ಕದ ಹೊಲದವನನ್ನು ಕೇಳಿಯೇ ಕೊಳ್ಳುತ್ತಾನೆ. ಸೋಪಿನ ಮುಂದೆ ನಾವು ಯಾರೂ ಅಷ್ಟು ಹೊತ್ತು ನಿಲ್ಲುವುದಿಲ್ಲ, ಆದ್ದರಿಂದ ಅಲ್ಲಿ ಪರಿಚಿತ ಮುಖಕ್ಕೆ ಬೆಲೆಯಿದೆ. ಮೈಸೂರು ಸ್ಯಾಂಡಲ್ ಹೆಸರನ್ನೇ ಕೇಳದ ಊರುಗಳಲ್ಲಿ ತಮನ್ನಾ ಸಾಲವಾಗಿ ಕೊಡುವುದು ಸಿದ್ಧ ಪರಿಚಯವನ್ನು. ಆ ಪರಿಮಳದಲ್ಲೇ ಬೆಳೆದ ಮನೆಗಳಲ್ಲಿ ಅವರ ಚಿತ್ರ ಹೊಸದಾಗಿ ಸೇರಿಸುವುದು ಬಹಳ ಕಡಿಮೆ. ಗದ್ದಲದಲ್ಲಿ ಈ ವ್ಯತ್ಯಾಸ ಮುಳುಗಿಹೋಯಿತು ಎಂಬುದು ನನ್ನ ಬೇಸರ.

ಹಾಡಿನ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. 1982ರಲ್ಲಿ ಜೆರಾಲ್ಡ್ ಗಾರ್ನ್ ನಡೆಸಿದ ಒಂದು ಪ್ರಯೋಗ ಪಠ್ಯಪುಸ್ತಕಗಳಲ್ಲೆಲ್ಲ ಇದೆ. ಒಂದು ಬಣ್ಣದ ಪೆನ್ನನ್ನು ತೋರಿಸುತ್ತ ಗ್ರೀಸ್ ಸಿನಿಮಾದ ಸಂಗೀತ ನುಡಿಸಿದಾಗ ಶೇಕಡಾ 79 ಮಂದಿ ಅದೇ ಬಣ್ಣದ ಪೆನ್ನನ್ನು ಆರಿಸಿಕೊಂಡರು. ಆ ವಿದ್ಯಾರ್ಥಿಗಳಿಗೆ ಹಿಡಿಸದ ಸಂಗೀತವೆಂದು ಗಾರ್ನ್ ಬಳಸಿದ್ದು ನಮ್ಮ ಭಾರತೀಯ ಶಾಸ್ತ್ರೀಯ ಸಂಗೀತವನ್ನು! ಆಗ ಶೇಕಡಾ 70 ಮಂದಿ ತೋರಿಸದ ಬಣ್ಣದ ಪೆನ್ನಿನ ಕಡೆ ಹೋದರು. ಮೈಸೂರಿನಲ್ಲೋ ಧಾರವಾಡದಲ್ಲೋ ಇದೇ ಪ್ರಯೋಗ ತಲೆಕೆಳಗಾದೀತು. ಕಲಿತ ಅಭಿರುಚಿಯೇ ಇಲ್ಲಿ ಆಳುತ್ತದೆ. ಆದರೆ 1989ರಲ್ಲಿ ಕೆಲ್ಲಾರಿಸ್ ಮತ್ತು ಕಾಕ್ಸ್ ಮತ್ತೆ ಮಾಡಿ ನೋಡಿದಾಗ ಆ ಫಲಿತಾಂಶ ಸಿಗಲಿಲ್ಲ. ಹಿತವಾದ ಹಾಡು ಹೆಸರನ್ನು ನೆನಪಿನಲ್ಲಿ ಉಳಿಸುತ್ತದೆ ಎನ್ನುವುದಷ್ಟೇ ಧೈರ್ಯವಾಗಿ ಹೇಳಬಹುದಾದ ಮಾತು.

ಒಟ್ಟು ಲೆಕ್ಕವೂ ಜಾಹೀರಾತು ಲೋಕದ ಅಬ್ಬರಕ್ಕೆ ತಕ್ಕಂತಿಲ್ಲ. ದಶಕಗಳ ಅಧ್ಯಯನಗಳನ್ನು ಕ್ರೋಡೀಕರಿಸಿ 2011ರಲ್ಲಿ ಬಂದ ಸಮೀಕ್ಷೆಯ ಪ್ರಕಾರ, ಜಾಹೀರಾತನ್ನು ಶೇಕಡಾ 1ರಷ್ಟು ಹೆಚ್ಚಿಸಿದರೆ ಮಾರಾಟ ತಕ್ಷಣಕ್ಕೆ ಸರಾಸರಿ ಶೇಕಡಾ 0.12ರಷ್ಟು ಏರುತ್ತದೆ. ಬ್ರಿಟನ್ನಿನ ಮಾರುಕಟ್ಟೆ ಸಂಶೋಧಕ ಆಂಡ್ರೂ ಎಹ್ರೆನ್‌ಬರ್ಗ್ ಈ ಮಿತಿಯನ್ನು ಬಹಳ ಹಿಂದೆಯೇ ಗುರುತಿಸಿದ್ದರು. ಮೊದಲು ಅಭಿಪ್ರಾಯ, ಆಮೇಲೆ ಖರೀದಿ ಎಂದು ಎಲ್ಲರೂ ನಂಬಿದ್ದಾಗ, ಅನೇಕ ಸಲ ಕೊಂಡು ಬಳಸಿದ ಮೇಲೆಯೇ ಅಭಿಪ್ರಾಯ ಗಟ್ಟಿಯಾಗುತ್ತದೆ, ಜಾಹೀರಾತಿನ ದೊಡ್ಡ ಕೆಲಸ ಕೊಂಡವರನ್ನು ಉಳಿಸಿಕೊಳ್ಳುವುದು ಎಂದು ಅವರು ವಾದಿಸಿದರು. 1957ರ ಒಂದು ಅಧ್ಯಯನದಲ್ಲಿ ಹೊಸದಾಗಿ ಕಾರು ಕೊಂಡವರು ತಾವು ಕೊಂಡ ಕಾರಿನ ಜಾಹೀರಾತನ್ನೇ ಹೆಚ್ಚಾಗಿ ಓದುತ್ತಿದ್ದರು. ಮಾಡಿದ್ದು ಸರಿ ಎಂದು ಯಾರಾದರೂ ಹೇಳಬೇಕು ಎಂಬ ಹಂಬಲ ಅದು.

ಇದನ್ನೆಲ್ಲ ಓದಿದವರಿಗೆ, ಬೇರೆಯವರು ಮರುಳಾಗಬಹುದು, ನಾನಲ್ಲ ಎನಿಸುವುದು ಸಹಜ. ಸಮಾಜವಿಜ್ಞಾನಿ ಫಿಲಿಪ್ಸ್ ಡೇವಿಸನ್ 1983ರಲ್ಲಿ ಗುರುತಿಸಿದ ಪ್ರವೃತ್ತಿ ಇದೇ: ಮಾಧ್ಯಮಗಳ ಪ್ರಭಾವ ತಮಗಿಂತ ಇತರರ ಮೇಲೆ ಹೆಚ್ಚು ಎಂದು ಜನ ಭಾವಿಸುತ್ತಾರೆ. ಪರಿಚಯದಿಂದ ಹುಟ್ಟುವ ಇಷ್ಟಕ್ಕೆ ಈ ಭಾವನೆಯೇ ಒಳ್ಳೆಯ ಆಶ್ರಯ.

ಸುಳ್ಳು ಹೇಳುವ ಜಾಹೀರಾತಿನಿಂದ ನಮ್ಮನ್ನು ಕಾಯಲು ಕಾನೂನಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ ತಯಾರಕರಿಗೂ ಅದರಲ್ಲಿ ಕಾಣಿಸಿಕೊಂಡ ತಾರೆಗೂ 10 ಲಕ್ಷದವರೆಗೆ, ಮತ್ತೆ ತಪ್ಪಿದರೆ 50 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಆದರೆ ಏನನ್ನೂ ಹೇಳದೆ, ಬರಿದೆ ಕಾಣಿಸಿಕೊಂಡು ಒಲವು ಗಳಿಸುವುದನ್ನು ಯಾವ ಕಾನೂನೂ ತಡೆಯಲಾರದು, ತಡೆಯಬೇಕಾಗಿಯೂ ಇಲ್ಲ. ಅಲ್ಲಿ ಉಪಾಯ ನಮ್ಮ ಕೈಯಲ್ಲೇ ಇದೆ, ರೇಜರ್ ಪ್ರಯೋಗ ಅದನ್ನು ತೋರಿಸಿದೆ: ಆಯ್ಕೆಯನ್ನು ತಮ್ಮದೆಂದು ಬಗೆದು ಕಾರಣ ತೂಗಿದವರ ಮುಂದೆ ತಾರೆಯ ಮುಖ ಮಂಕಾಯಿತು. ಸೋಪಿನ ಹೊದಿಕೆಯ ಮೇಲೆ ಟಿಎಫ್‌ಎಂ ಎಂದು ಕೊಬ್ಬಿನಂಶದ ಪ್ರಮಾಣ ಅಚ್ಚಾಗಿರುತ್ತದೆ. ಮೈಸೋಪಿನಲ್ಲಿ ಅದು ಶೇಕಡಾ 76 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೊದಲ ದರ್ಜೆ. ಪಕ್ಕದಲ್ಲೇ ತೂಕವಿದೆ, ಬೆಲೆಯಿದೆ. ಇವನ್ನು ಓದಿದ ಮೇಲೂ ಹಳೆಯ ಸೋಪೇ ಬೇಕೆನಿಸಿದರೆ ಸಂತೋಷದಿಂದ ಕೊಳ್ಳೋಣ. ಮನೆಯ ಮಕ್ಕಳನ್ನೂ ಅಂಗಡಿಗೆ ಕರೆದೊಯ್ದು, ಈ ಸೋಪೇ ಏಕೆ ಬೇಕು ಎಂದು ಕೇಳಿ, ಎರಡು ಹೊದಿಕೆಗಳನ್ನು ಅವರಿಂದಲೇ ಓದಿಸೋಣ. ಈ ವಿದ್ಯೆಯನ್ನು ಯಾವ ಜಾಹೀರಾತೂ ಅವರಿಗೆ ಕಲಿಸುವುದಿಲ್ಲ, ನಾವೇ ಕಲಿಸಬೇಕು.