ಮೊಬೈಲಿನಲ್ಲೇ ಶುರುವಾದ ಆರನೇ ಕ್ಲಾಸು: ಅಪ್ಪ-ಅಮ್ಮ ತಿಳಿದಿರಬೇಕಾದ್ದು ಏನು?

(ಪಾಡ್‌ಕಾಸ್ಟ್‌ನ ಬರಹ ರೂಪ. ಜುಲೈ 2021)

ಇವತ್ತಿನ ಸಂಚಿಕೆ ಆರನೇ ಕ್ಲಾಸಿಗೆ ಬಂದಿರೋ ಮಕ್ಕಳ ಪೋಷಕರಿಗಾಗಿ. ಏಳು, ಎಂಟನೇ ಕ್ಲಾಸಿನ ಮಕ್ಕಳಿದ್ದರೂ ಕೇಳಿ, ಬಹಳಷ್ಟು ಮಾತು ನಿಮಗೂ ಅನ್ವಯಿಸತ್ತೆ.

ಮೊದಲು ಒಂದು ಸಣ್ಣ ಲೆಕ್ಕ ಹಾಕೋಣ. ಈಗ ಆರನೇ ಕ್ಲಾಸಿಗೆ ಸೇರಿರೋ ಮಗು 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದಾಗ ಯಾವ ಕ್ಲಾಸಲ್ಲಿತ್ತು? ನಾಲ್ಕನೇ ಕ್ಲಾಸಲ್ಲಿ. ಐದನೇ ಕ್ಲಾಸು ಪೂರ್ತಿ ಫೋನು, ಟಿ.ವಿ., ಒಂದಷ್ಟು ದಿನ ವಿದ್ಯಾಗಮದ ಅಡಿ ಊರಿನ ಜಗುಲಿ, ದೇವಸ್ಥಾನದ ಕಟ್ಟೆಯ ಪಾಠ, ಇಷ್ಟರಲ್ಲೇ ಮುಗೀತು. ಆ ವಿದ್ಯಾಗಮವೂ ಆಗಸ್ಟ್‌ನಲ್ಲಿ ಶುರುವಾಗಿ ಅಕ್ಟೋಬರ್‌ನಲ್ಲಿ ನಿಂತಿತು. ಈ ವರ್ಷದ ಆರಂಭದಲ್ಲಿ ಆರನೇ ಕ್ಲಾಸಿನಿಂದ ಮೇಲಿನ ಮಕ್ಕಳು ಕೆಲವು ವಾರವಾದರೂ ಶಾಲೆ ಮುಖ ನೋಡಿದರು. ಐದು ಮತ್ತು ಅದಕ್ಕಿಂತ ಕೆಳಗಿನವರಿಗೆ ಆ ಭಾಗ್ಯವೂ ಸಿಗಲಿಲ್ಲ. ಅಂದ್ರೆ ನಿಮ್ಮ ಮಗುವಿನ ಹೆಸರು ಆರನೇ ಕ್ಲಾಸಿನ ಹಾಜರಾತಿಯಲ್ಲಿದೆ, ಆದರೆ ಅದು ಬೆಂಚಿನ ಮೇಲೆ ಕೂತು ಕಲಿತ ಕೊನೆಯ ಕ್ಲಾಸು ನಾಲ್ಕನೆಯದು. ಈ ಒಂದು ಸಂಗತಿ ಮನಸ್ಸಲ್ಲಿಟ್ಟುಕೊಂಡು ಮುಂದಿನದ್ದನ್ನು ಕೇಳಿ.

ಹೆಸರು ದಾಖಲಾಗಿದೆಯಾ?

ಪಾಠದ ಮಾತಿಗೆ ಮುಂಚೆ ಈ ಪ್ರಶ್ನೆ. ನಮ್ಮಲ್ಲಿ ಎಷ್ಟೋ ಹಳ್ಳಿಗಳಲ್ಲಿ ಇರೋದು ಕಿರಿಯ ಪ್ರಾಥಮಿಕ ಶಾಲೆ, ಐದನೇ ಕ್ಲಾಸಿನವರೆಗೆ ಮಾತ್ರ. ಆರಕ್ಕೆ ಪಕ್ಕದ ಊರಿನ ಹಿರಿಯ ಪ್ರಾಥಮಿಕ ಶಾಲೆಗೆ ಹೋಗಬೇಕು. ಬೇರೆ ವರ್ಷಗಳಲ್ಲಿ ಜೂನ್ ಬಂತೆಂದರೆ ಮಕ್ಕಳು ಗುಂಪಾಗಿ ಹೋಗಿ ಸೇರಿಬಿಡೋರು. ಈ ಸಲ ಗಂಟೆ ಬಾರಿಸಿಲ್ಲ, ಹಾಗಾಗಿ ‘ಶಾಲೆ ತೆಗೆದ ಮೇಲೆ ಸೇರಿಸಿದ್ರಾಯ್ತು’ ಅಂತ ಸುಮ್ಮನಿರೋ ಮನೆಗಳಿವೆ. ದಯವಿಟ್ಟು ಹಾಗೆ ಮಾಡಬೇಡಿ. ಹಳೇ ಶಾಲೆಯ ಪಟ್ಟಿಯಿಂದ ಹೆಸರು ಹೋಗಿರತ್ತೆ, ಹೊಸ ಶಾಲೆಯ ಪಟ್ಟಿಗೆ ಬಂದಿರಲ್ಲ. ಆಗ ವಾಟ್ಸಾಪ್ ಗ್ರೂಪಿಗೂ ಸೇರಲ್ಲ, ಪುಸ್ತಕವೂ ಇಲ್ಲ, ಬಿಸಿಯೂಟದ ಬದಲು ಕೊಡೋ ಆಹಾರಧಾನ್ಯವೂ ಇಲ್ಲ. ‘ಈ ಮಗು ಎಲ್ಲಿ’ ಅಂತ ವಿಚಾರಿಸೋ ಮೇಷ್ಟ್ರೂ ಇಲ್ಲ. ಮಗು ಯಾರಿಗೂ ಗೊತ್ತಾಗದ ಹಾಗೆ ಶಾಲೆಯಿಂದ ಜಾರಿಹೋಗೋದು ಹೀಗೇ.

ಬೆಂಗಳೂರಿನಿಂದ ಊರಿಗೆ ವಾಪಸಾದವರಿಗೆ ಇನ್ನೊಂದು ತೊಡಕು ಟಿ.ಸಿ. ಶಿಕ್ಷಣ ಹಕ್ಕು ಕಾಯ್ದೆ, ಅಂದ್ರೆ 2009ರ ಆರ್‌ಟಿಇ, ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಎಂಟನೇ ಕ್ಲಾಸಿನವರೆಗೆ ವರ್ಗಾವಣೆ ಪತ್ರ ತಡವಾಯ್ತು ಅನ್ನೋ ಕಾರಣಕ್ಕೆ ಸರ್ಕಾರಿ ಅಥವಾ ಅನುದಾನಿತ ಶಾಲೆ ಪ್ರವೇಶ ನಿರಾಕರಿಸೋ ಹಾಗಿಲ್ಲ, ತಡಮಾಡೋ ಹಾಗೂ ಇಲ್ಲ. ಕಾಗದ ಆಮೇಲೆ ಬರಲಿ, ಮಗುವಿನ ಹೆಸರು ಮೊದಲು ಬರೆಸಿ.

ಆರನೇ ಕ್ಲಾಸಲ್ಲಿ ಏನು ಬದಲಾಗತ್ತೆ?

ತುಂಬಾ ಬದಲಾಗತ್ತೆ. ರಾಜ್ಯ ಪಠ್ಯಕ್ರಮದಲ್ಲಿ ಐದರವರೆಗೆ ‘ಪರಿಸರ ಅಧ್ಯಯನ’ ಅಂತ ಒಂದೇ ವಿಷಯ ಇತ್ತು. ಆರಕ್ಕೆ ಅದು ವಿಜ್ಞಾನ ಮತ್ತು ಸಮಾಜ ವಿಜ್ಞಾನ ಅಂತ ಎರಡಾಗತ್ತೆ. ಮೂರನೇ ಭಾಷೆ ಶುರುವಾಗತ್ತೆ, ಹೆಚ್ಚಿನ ಶಾಲೆಗಳಲ್ಲಿ ಹಿಂದಿ. ಅಂದ್ರೆ ಹೊಸ ಲಿಪಿ, ಹೊಸ ಅಕ್ಷರಮಾಲೆ. ಗಣಿತದಲ್ಲಿ ಸೊನ್ನೆಗಿಂತ ಕಡಿಮೆ ಇರೋ ಸಂಖ್ಯೆಗಳು ಬರತ್ವೆ, ಅನುಪಾತ ಬರತ್ತೆ, ಅಂಕಿಯ ಜಾಗದಲ್ಲಿ ಅಕ್ಷರ ಕೂರೋ ಬೀಜಗಣಿತ ಬರತ್ತೆ.

ಶಿಕ್ಷಕರ ವ್ಯವಸ್ಥೆಯೂ ಬೇರೆ. ಕೆಳಗಿನ ಕ್ಲಾಸುಗಳಲ್ಲಿ ಒಬ್ಬರೇ ಟೀಚರ್ ಎಲ್ಲಾ ವಿಷಯ ಹೇಳಿಕೊಡೋದು ಸಾಮಾನ್ಯ. ಆ ಟೀಚರ್‌ಗೆ ಮಗುವಿನ ಜಾತಕವೇ ಗೊತ್ತಿರತ್ತೆ. ಆರರಿಂದ ಎಂಟಕ್ಕೆ ವಿಜ್ಞಾನ-ಗಣಿತ, ಸಮಾಜ, ಭಾಷೆಗಳಿಗೆ ಬೇರೆ ಬೇರೆ ಶಿಕ್ಷಕರು ಇರಬೇಕು ಅಂತ ಆರ್‌ಟಿಇ ಹೇಳತ್ತೆ. ಮಗುವಿನ ದೃಷ್ಟಿಯಿಂದ ನೋಡಿ: ನಾಲ್ಕೈದು ಹೊಸ ಶಿಕ್ಷಕರು, ಅವರಲ್ಲಿ ಒಬ್ಬರನ್ನೂ ಮುಖಾಮುಖಿ ಕಂಡಿಲ್ಲ. ಅವರಿಗೂ ಈ ಮಗು ಪರದೆ ಮೇಲಿನ ಒಂದು ಹೆಸರು ಅಷ್ಟೇ. ಶಾಲೆ ಇದ್ದಿದ್ದರೆ ‘ಯಾಕೋ ಮುಖ ಸಪ್ಪಗಿದೆ’ ಅಂತ ಯಾರಾದರೂ ಕೇಳೋರು. ಈಗ ಅದನ್ನು ಗಮನಿಸೋ ಕೆಲಸ ನಿಮ್ಮ ಪಾಲಿಗೆ ಬಂದಿದೆ.

ಸ್ಕ್ರೀನು ಎಷ್ಟು ಹೊತ್ತು?

ಕಳೆದ ವರ್ಷ ಇದರ ಬಗ್ಗೆ ದೊಡ್ಡ ಗಲಾಟೆಯೇ ಆಯ್ತು. 2020ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಚಿಕ್ಕ ಮಕ್ಕಳ ಆನ್‌ಲೈನ್ ಕ್ಲಾಸು ನಿಲ್ಲಿಸಿತು, ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಅದೇ ತಿಂಗಳು ಕೇಂದ್ರ ಸರ್ಕಾರದ ‘ಪ್ರಗ್ಯಾತ’ ಮಾರ್ಗಸೂಚಿ ಬಂತು. ಒಂದರಿಂದ ಎಂಟನೇ ಕ್ಲಾಸಿಗೆ ದಿನಕ್ಕೆ ಎರಡಕ್ಕಿಂತ ಹೆಚ್ಚು ಆನ್‌ಲೈನ್ ತರಗತಿ ಬೇಡ, ಒಂದೊಂದೂ 30ರಿಂದ 45 ನಿಮಿಷ ಇರಲಿ ಅಂತ ಅದರಲ್ಲಿದೆ. ಅಂದ್ರೆ ಹೆಚ್ಚೆಂದರೆ ದಿನಕ್ಕೆ ಒಂದೂವರೆ ಗಂಟೆ.

ಈಗ ಇನ್ನೊಂದು ಅಂಕಿ ನೋಡಿ. ಆರ್‌ಟಿಇ ಪ್ರಕಾರ ಐದರವರೆಗೆ ವರ್ಷಕ್ಕೆ 800 ಗಂಟೆ ಪಾಠ ನಡೀಬೇಕು. ಆರರಿಂದ ಎಂಟಕ್ಕೆ 220 ದಿನ, 1000 ಗಂಟೆ. ದಿನಕ್ಕೆ ಸರಿಸುಮಾರು ನಾಲ್ಕೂವರೆ ಗಂಟೆ ಆಯ್ತು. ಸ್ಕ್ರೀನಿನಲ್ಲಿ ಸಿಗೋದು ಅದರ ಮೂರನೇ ಒಂದು ಭಾಗ. ಉಳಿದದ್ದನ್ನೂ ಸ್ಕ್ರೀನಿನಲ್ಲೇ ತುಂಬಿಸೋಣ ಅಂತ ಟ್ಯೂಷನ್ ಆ್ಯಪ್, ಯೂಟ್ಯೂಬ್ ಅಂತ ಸೇರಿಸುತ್ತಾ ಹೋದರೆ ಕಣ್ಣು ಕೆಡತ್ತೆ, ತಲೆಗೆ ಹತ್ತಲ್ಲ. ಆ ಹೊತ್ತು ಪುಸ್ತಕ, ಬರವಣಿಗೆ, ಮಾತು, ಕೈಕೆಲಸಕ್ಕೆ ಹೋಗಬೇಕು. ಅಷ್ಟೂ ಗಂಟೆ ಮನೆಯಲ್ಲಿ ತುಂಬಿಸೋಕೆ ಆಗಲ್ಲ, ಆಗಬೇಕಂತಲೂ ಇಲ್ಲ. ದಿನಕ್ಕೆ ಒಂದು ಗಂಟೆ ತಪ್ಪದೆ ನಡೆದರೆ ಅದೇ ದೊಡ್ಡದು.

ಮಗು ಎಲ್ಲಿದೆ ಅಂತ ತಿಳಿಯೋದು ಹೇಗೆ?

ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಈ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳಲ್ಲಿ ಎರಡರಿಂದ ಆರನೇ ಕ್ಲಾಸಿನ 16,067 ಸರ್ಕಾರಿ ಶಾಲಾ ಮಕ್ಕಳನ್ನು ನೋಡಿ ಒಂದು ವರದಿ ಮಾಡಿದ್ದಾರೆ. ಹಿಂದಿನ ವರ್ಷ ಬರುತ್ತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಕನಿಷ್ಠ ಒಂದನ್ನು ಕಳಕೊಂಡವರು ಶೇ. 92, ಗಣಿತದಲ್ಲಿ ಶೇ. 82. ಇದು ಹೊಸ ಪಾಠ ಕಲೀಲಿಲ್ಲ ಅನ್ನೋ ಮಾತಲ್ಲ ನೋಡಿ, ಬರುತ್ತಿದ್ದದ್ದೇ ಮರೆತುಹೋಗಿದೆ ಅನ್ನೋ ಮಾತು. ಹಾಗಾಗಿ ನಿಮ್ಮ ಮಗುವಿಗೆ ಓದೋದು ತಡವರಿಸಿದರೆ ಅದು ದಡ್ಡತನವಲ್ಲ. ಹತ್ತರಲ್ಲಿ ಒಂಬತ್ತು ಮಕ್ಕಳ ಕಥೆ ಅದು.

ಮನೆಯಲ್ಲೇ ನೋಡಬಹುದು. ನಾಲ್ಕನೇ ಕ್ಲಾಸಿನ ಕನ್ನಡ ಪುಸ್ತಕದ ಒಂದು ಪುಟ ಜೋರಾಗಿ ಓದಿಸಿ. ಓದಿದ್ದನ್ನು ಅದರದೇ ಮಾತಲ್ಲಿ ಹೇಳಲಿ. ಐದು ಸಾಲು ಬರೆಯಲಿ. ಏಳು, ಎಂಟು, ಒಂಬತ್ತರ ಮಗ್ಗಿ ಕೇಳಿ. ಒಂದು ದಶಕ ತಗೊಂಡು ಕಳೆಯೋ ಲೆಕ್ಕ, ಒಂದು ಭಾಗಾಕಾರ ಕೊಡಿ. ಅರ್ಧ ದೊಡ್ಡದೋ ಮೂರನೇ ಒಂದು ದೊಡ್ಡದೋ ಅಂತ ರೊಟ್ಟಿ ಮುರಿದು ಕೇಳಿ. ಎಲ್ಲಿ ತಡವರಿಸತ್ತೋ ಅಲ್ಲಿಂದ ಶುರು ಮಾಡಿ. ಭಾಗಾಕಾರ, ಭಿನ್ನರಾಶಿ ಬಾರದ ಮಗುವಿಗೆ ಅನುಪಾತ ಹತ್ತಲ್ಲ, ಅದನ್ನು ಎಷ್ಟು ವಿಡಿಯೊ ತೋರಿಸಿದರೂ ಅಷ್ಟೇ.

ಶಾಲೆಗಳಲ್ಲಿ ವರ್ಷದ ಶುರುವಿಗೆ ‘ಸೇತುಬಂಧ’ ಅಂತ ಮಾಡೋದು ಇದಕ್ಕೇ. ಹಿಂದಿನ ಕ್ಲಾಸಿನ ಕಲಿಕೆ ಎಷ್ಟಿದೆ ಅಂತ ಪರೀಕ್ಷೆ ಕೊಟ್ಟು ನೋಡಿ, ಕೊರತೆ ತುಂಬಿ, ಆಮೇಲೆ ಹೊಸ ಪಾಠಕ್ಕೆ ಹೋಗೋದು. ಸೇತುಬಂಧದ ಹಾಳೆ ಬಂದಾಗ ಅದನ್ನು ಮಗುವೇ ಬರೆಯಲಿ. ಅಣ್ಣನೋ ಅಕ್ಕನೋ ಬರೆದು ಫೋಟೊ ಕಳಿಸಿದರೆ ಟೀಚರ್‌ಗೆ ‘ಎಲ್ಲಾ ಬರತ್ತೆ’ ಅಂತ ಸುಳ್ಳು ಸುದ್ದಿ ಹೋಗತ್ತೆ. ನಷ್ಟ ಯಾರಿಗೆ ಹೇಳಿ. ತಪ್ಪಿದ್ದರೆ ತಪ್ಪಿರಲಿ, ಹಾಗೇ ಕಳಿಸಿ.

ಮನೆಗೆ ಒಂದೇ ಫೋನ್ ಇದ್ದರೆ?

‘ಅಸರ್’ ಸಮೀಕ್ಷೆಯ ಪ್ರಕಾರ, ದೇಶದ ಹಳ್ಳಿಗಳಲ್ಲಿ ಶಾಲೆಗೆ ಸೇರಿದ ಮಕ್ಕಳ ಪೈಕಿ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದವರು 2018ರಲ್ಲಿ ಶೇ. 36.5, 2020ರಲ್ಲಿ ಶೇ. 61.8. ಏರಿಕೆ ದೊಡ್ಡದೇ. ಆದರೆ ಮನೆಯಲ್ಲಿ ಫೋನ್ ಇದೆ ಅಂದ್ರೆ ಮಗುವಿನ ಕೈಲಿದೆ ಅಂತಲ್ಲ. ಅಪ್ಪ ಕೆಲಸಕ್ಕೆ ಹೋದರೆ ಫೋನೂ ಹೋಯ್ತು. ಮೂರು ಮಕ್ಕಳಿದ್ದರೆ ಎಸ್ಸೆಸ್ಸೆಲ್ಸಿ ಓದೋರಿಗೆ ಮೊದಲ ಪಾಳಿ, ಆರನೇ ಕ್ಲಾಸಿನವರದ್ದು ಕೊನೆ. ಅದರಲ್ಲೂ ಹೆಣ್ಣುಮಗುವಾದರೆ, ಪಾಳಿ ಬರೋ ಹೊತ್ತಿಗೆ ಪಾತ್ರೆ ತೊಳೆಯೋ ಕೆಲಸವೂ ಬಂದಿರತ್ತೆ.

ಹೀಗೆ ಮಾಡಿ ನೋಡಿ. ಒಂದು, ಯಾರಿಗೆ ಯಾವ ಹೊತ್ತು ಅಂತ ಬರೆದು ಗೋಡೆಗೆ ಅಂಟಿಸಿ. ಎರಡು, ಟೀಚರ್‌ಗೆ ಫೋನ್ ಮಾಡಿ ‘ಸಂಜೆ ಏಳರ ಮೇಲೆ ಮಾತ್ರ ನಮ್ಮ ಹತ್ರ ಫೋನ್ ಇರತ್ತೆ ಮೇಡಂ’ ಅಂತ ಹೇಳಿಬಿಡಿ. ಆಗ ಹಾಜರಿಲ್ಲ ಅಂದುಕೊಳ್ಳಲ್ಲ. ಮೂರು, ಫೋನ್ ಇಲ್ಲದಿದ್ದರೆ ಚಂದನ ವಾಹಿನಿಯ ಪಾಠ ಇದೆ. ವೇಳಾಪಟ್ಟಿ ಶಾಲೆಯಿಂದ ಕೇಳಿ ಬರೆದುಕೊಳ್ಳಿ. ನಾಲ್ಕು, ಹೊಸ ಪುಸ್ತಕ ಬರೋವರೆಗೆ ಕಾಯಬೇಡಿ, ಏಳಕ್ಕೆ ಹೋದ ಪಕ್ಕದ ಮನೆ ಮಗುವಿನ ಆರನೇ ಕ್ಲಾಸಿನ ಪುಸ್ತಕ ಇಸಕೊಳ್ಳಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪಿಡಿಎಫ್ ಉಚಿತವಾಗಿ ಸಿಗತ್ತೆ. ಪಾಠದ ಪಕ್ಕ ಕ್ಯೂಆರ್ ಕೋಡ್ ಇದ್ದರೆ ‘ದೀಕ್ಷಾ’ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿದರೆ ಆ ಪಾಠದ ವಿಡಿಯೊ, ಅಭ್ಯಾಸ ತೆರೆದುಕೊಳ್ಳತ್ತೆ. ಒಂದು ಸಲ ಡೌನ್‌ಲೋಡ್ ಮಾಡಿಟ್ಟರೆ ನೆಟ್ ಇಲ್ಲದಾಗಲೂ ನೋಡಬಹುದು.

ನಮಗೇ ಓದು ಬರಲ್ಲ, ಏನು ಹೇಳಿಕೊಡೋದು?

ಈ ಪ್ರಶ್ನೆ ಕೇಳೋ ತಾಯಂದಿರು ಬಹಳ. ನೀವು ಪಾಠ ಹೇಳಿಕೊಡಬೇಕಿಲ್ಲ, ಕೇಳಿಸಿಕೊಂಡರೆ ಸಾಕು. ದಿನಾ ರಾತ್ರಿ ‘ಇವತ್ತು ಏನ್ ಕಲಿತೆ, ನನಗೆ ಹೇಳಿಕೊಡು’ ಅನ್ನಿ. ಅಮ್ಮನಿಗೆ ಅರ್ಥ ಮಾಡಿಸೋಕೆ ಹೊರಟ ಮಗು ತಾನು ಮೊದಲು ಅರ್ಥ ಮಾಡಿಕೊಳ್ಳತ್ತೆ. ಸಂತೆ ಲೆಕ್ಕ, ಹಾಲಿನ ಡೈರಿ ಲೆಕ್ಕ, ಸಂಘದ ಸಾಲದ ಕಂತು ಮಗುವಿನ ಕೈಲಿ ಬರೆಸಿ. ಗೊಬ್ಬರದ ಚೀಲದ ಮೇಲಿನ ಅಕ್ಷರ ಓದಿಸಿ. ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು, ಮೂರು ಲೋಟಕ್ಕೆ ಎಷ್ಟು ಅಂತ ಕೇಳಿದರೆ ಅದೇ ಆರನೇ ಕ್ಲಾಸಿನ ಅನುಪಾತ.

ಹನ್ನೊಂದು-ಹನ್ನೆರಡರ ವಯಸ್ಸು

ಈ ವಯಸ್ಸಲ್ಲಿ ದೇಹ ಬದಲಾಗ್ತಿರತ್ತೆ, ಸಿಟ್ಟು ಮೂಗಿನ ತುದೀಲಿರತ್ತೆ, ನಾಚಿಕೆ ಜಾಸ್ತಿ. ಕ್ಲಾಸಲ್ಲಿ ಕ್ಯಾಮೆರಾ ಹಾಕೋಕೆ ಒಲ್ಲೆ ಅನ್ನೋದು ಯಾವಾಗಲೂ ಸೋಮಾರಿತನ ಅಲ್ಲ. ಹಿಂದೆ ಕಾಣೋ ಒಂದೇ ಕೋಣೆಯ ಮನೆ, ಒಣಹಾಕಿದ ಬಟ್ಟೆ ಎಲ್ಲರಿಗೂ ಕಾಣತ್ತಲ್ಲ ಅನ್ನೋ ಸಂಕೋಚ ಇರಬಹುದು. ಬೈಯೋಕೆ ಮುಂಚೆ ಕೇಳಿ. ಕೂರೋ ದಿಕ್ಕು ಬದಲಿಸಿದರೆ ಎಷ್ಟೋ ಸಲ ಸಮಸ್ಯೆ ಮುಗಿಯತ್ತೆ.

ಊಟ, ನಿದ್ದೆ, ಮಾತು, ಗೆಳೆಯರು ಈ ನಾಲ್ಕರಲ್ಲಿ ಎರಡು ವಾರ ದೊಡ್ಡ ಬದಲಾವಣೆ ಕಂಡರೆ ಹಗುರವಾಗಿ ತಗೋಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಹತ್ರ ಮಾತಾಡಿ. ಈ ಹೊತ್ತಲ್ಲಿ ಇನ್ನೊಂದು ಅಪಾಯವೂ ಇದೆ. ಶಾಲೆ ಇಲ್ಲ, ಮನೇಲಿ ಕಾಸಿಲ್ಲ, ಹುಡುಗ ಗ್ಯಾರೇಜಿಗೆ ಹೋಗ್ತಾನೆ, ಹುಡುಗಿಗೆ ಗಂಡು ನೋಡ್ತಾರೆ. 14ರ ಒಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚೋದು, 18 ತುಂಬದ ಹುಡುಗಿಗೆ ಮದುವೆ ಮಾಡೋದು ಎರಡೂ ಅಪರಾಧ. ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಹಗಲು ರಾತ್ರಿ ಉಚಿತ.

ಟೀಚರ್ ಹತ್ರ ಏನು ಕೇಳಬೇಕು?

‘ಚೆನ್ನಾಗಿ ಓದ್ತಾನಾ?’ ಅಂತ ಕೇಳಿದರೆ ‘ಪರವಾಗಿಲ್ಲ’ ಅನ್ನೋ ಉತ್ತರ ಬರತ್ತೆ, ಅಲ್ಲಿಗೆ ಮುಗೀತು. ಮೂರು ಪ್ರಶ್ನೆ ಬರೆದಿಟ್ಟುಕೊಳ್ಳಿ. ಸೇತುಬಂಧದಲ್ಲಿ ನನ್ನ ಮಗುವಿಗೆ ಏನು ಬಂದಿಲ್ಲ? ಈ ವಾರ ಮನೇಲಿ ಯಾವ ಒಂದು ಕೆಲಸ ಮಾಡಿಸಲಿ? ಯಾವ ಹೊತ್ತಿಗೆ ಫೋನ್ ಮಾಡಿದರೆ ನಿಮಗೆ ತೊಂದರೆ ಇಲ್ಲ? ಉತ್ತರ ಸಿಗದಿದ್ದರೆ ಮುಖ್ಯ ಶಿಕ್ಷಕರ ಹತ್ರ, ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ ಸದಸ್ಯರ ಹತ್ರ ಹೋಗಿ. ಆ ಸಮಿತಿಯಲ್ಲಿ ಇರೋದೇ ನಿಮ್ಮಂಥ ಪೋಷಕರು.

ಈ ವಾರ ಎರಡೇ ಕೆಲಸ ಮಾಡಿ. ಆರನೇ ಕ್ಲಾಸಿನ ಪಟ್ಟಿಯಲ್ಲಿ ಮಗುವಿನ ಹೆಸರಿದೆಯಾ ಅಂತ ಖಾತ್ರಿ ಮಾಡ್ಕೊಳ್ಳಿ. ನಾಲ್ಕನೇ ಕ್ಲಾಸಿನ ಒಂದು ಪುಟ ಓದಿಸಿ ನೋಡಿ. ನಿಮ್ಮ ಬೀದಿಯಲ್ಲಿ ಐದು ಮುಗಿಸಿ ಎಲ್ಲಿಯೂ ಸೇರದ ಮಗು ಇದ್ದರೆ ಅದರ ಅಪ್ಪ-ಅಮ್ಮನಿಗೂ ಈ ಸಂಚಿಕೆ ಕೇಳಿಸಿ.