ಹಿತ್ತಲ ಹುಳುಮನೆ ನೆಮ್ಮದಿಯ ಕೋಣೆಯಾಗಲಿ

ನಿಮ್ಮ ಮನೆಯ ಹಿತ್ತಲಲ್ಲಿ ಹಳೆಯ ಹುಳುಮನೆಯೊಂದು ಬಾಗಿಲು ಮುಚ್ಚಿಕೊಂಡು ನಿಂತಿದೆಯೇ? ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹಳ್ಳಿಗಳಲ್ಲಿ ಇಂಥವು ಕಡಿಮೆಯೇನಿಲ್ಲ. ಹಿಪ್ಪುನೇರಳೆ ಬಿಟ್ಟವರ ಮನೆಯಲ್ಲಿ, ತೋಟದ ಬಳಿ ಹೊಸದು ಕಟ್ಟಿಕೊಂಡವರ ಮನೆಯಲ್ಲಿ ಹಳೆಯ ಹುಳುಮನೆ ಈಗ ಮುರಿದ ಚಂದ್ರಂಕಿ, ತಟ್ಟೆ, ಗೋಣಿಚೀಲ, ಔಷಧಿ ಡಬ್ಬಗಳ ಉಗ್ರಾಣ. ಗೌರಿಬಿದನೂರು ಕಡೆಯ ದನವಿಲ್ಲದ ಕೊಟ್ಟಿಗೆಗಳದ್ದೂ ಇದೇ ಕಥೆ. ಇದನ್ನು ಶುಚಿ ಮಾಡಿ, ದಿನಕ್ಕೆ ಅರ್ಧ ಗಂಟೆ ಒಬ್ಬರೇ ಕೂತು ಓದಲು, ಧ್ಯಾನ ಮಾಡಲು ಅಥವಾ ಸುಮ್ಮನಿರಲು ಒಂದು ಕೋಣೆ ಮಾಡಿಕೊಳ್ಳಬಹುದೇ? ಖಂಡಿತ ಮಾಡಿಕೊಳ್ಳಬಹುದು. ಆದರೆ ಹುಳುವಿಗೆ ಒಗ್ಗಿದ ಮನೆ ಮನುಷ್ಯನಿಗೆ ಹಾಗೆಯೇ ಒಗ್ಗುವುದಿಲ್ಲ.

ವಿಶ್ರಾಂತಿಯೂ ಚಿಕಿತ್ಸೆಯೇ

1927ರ ಮಾರ್ಚ್‌ನಲ್ಲಿ ಗಾಂಧೀಜಿ ಪ್ರವಾಸದ ನಡುವೆ ಅಸ್ವಸ್ಥರಾದರು. ರಕ್ತದೊತ್ತಡ ಏರಿತ್ತು. ವೈದ್ಯರು ವಿಶ್ರಾಂತಿ ಬೇಕೇ ಬೇಕೆಂದರು. ಆಗ ಅವರು ಬಂದದ್ದು ನಮ್ಮ ನಂದಿ ಬೆಟ್ಟಕ್ಕೆ. ಒಂದು ತಿಂಗಳಿಗೂ ಹೆಚ್ಚು ಕಾಲ ಅಲ್ಲಿದ್ದು ಚೇತರಿಸಿಕೊಂಡರು. ಇಂದಿನ ಬಿ.ಪಿ. ಮಾತ್ರೆಗಳು ಆಗ ಇರಲಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದವರು. ಆದರೂ ಬದುಕಿನ ಬಹುಕಾಲವನ್ನು ಬಸವನಗುಡಿಯ ನ್ಯಾಷನಲ್ ಕಾಲೇಜು ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲೇ ಕಳೆದರು. ನೆಮ್ಮದಿಗೆ ಬಂಗಲೆ ಬೇಕಿಲ್ಲ.

ಸದಾ ಒತ್ತಡದಲ್ಲಿರುವವರ ದೇಹದಲ್ಲಿ ಅಡ್ರಿನಲಿನ್‌ನಂಥ ಹಾರ್ಮೋನುಗಳು ಹೆಚ್ಚು ಸ್ರವಿಸುತ್ತವೆ. ಎದೆಬಡಿತ, ರಕ್ತದೊತ್ತಡ ಏರುತ್ತವೆ, ನಿದ್ದೆ ಕೆಡುತ್ತದೆ. ಶಾಂತವಾಗಿ ಕೂತು ನಿಧಾನವಾಗಿ ಉಸಿರಾಡಿದರೆ ಇವು ಇಳಿಮುಖವಾಗುತ್ತವೆ. ಹಾಗೆಂದು ಬಿ.ಪಿ. ಅಥವಾ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ನಿಲ್ಲಿಸಬೇಡಿ. ಕೋಣೆ ಔಷಧಿಗೆ ಬದಲಿಯಲ್ಲ, ಜೊತೆಗಾರ.

ಮೊದಲು ಶುಚಿ

ವರ್ಷಗಟ್ಟಲೆ ಮುಚ್ಚಿದ ಕೋಣೆಯನ್ನು ಒಣ ಪೊರಕೆಯಿಂದ ಗುಡಿಸಬೇಡಿ. ಒಂದು ದಿನ ಬಾಗಿಲು, ಕಿಟಕಿ ತೆರೆದಿಡಿ. ಮೂಗು, ಬಾಯಿಗೆ ಬಟ್ಟೆ ಅಥವಾ ಮಾಸ್ಕ್, ಕೈಗೆ ಗವಸು, ಕಾಲಿಗೆ ಬೂಟು ಇರಲಿ. ನೆಲಕ್ಕೆ ಬ್ಲೀಚಿಂಗ್ ಪುಡಿ ಕಲಸಿದ ನೀರು ಚಿಮುಕಿಸಿ, ನೆನೆದ ಮೇಲೆ ಬಳಿದು ತೆಗೆಯಿರಿ. ಇಲಿಯ ಮೂತ್ರದಿಂದ ಇಲಿಜ್ವರ ಬರುತ್ತದೆ. ಕಾಲಿನ ಸಣ್ಣ ಗಾಯವೇ ಆ ರೋಗಾಣುವಿಗೆ ದಾರಿ. ರೇಷ್ಮೆ ಚಿಟ್ಟೆಯ ಪುಡಿ, ಹುಳುವಿನ ಹಿಕ್ಕೆಯ ದೂಳು ಕೆಲವರಿಗೆ ಸೀನು, ಉಬ್ಬಸ ತರುತ್ತವೆ. ಅಸ್ತಮಾ ಇರುವವರು ಈ ಕೆಲಸವನ್ನು ಬೇರೆಯವರಿಗೆ ಬಿಡುವುದು ಲೇಸು.

ಹುಳುಮನೆಯ ಸೋಂಕು ತೊಳೆಯಲು ಬಳಸುವ ಫಾರ್ಮಲಿನ್ ಉಳಿದಿದ್ದರೆ ಅದನ್ನು ಇಲ್ಲಿ ಮತ್ತೆ ಸಿಂಪಡಿಸಬೇಡಿ, ಬ್ಲೀಚಿಂಗ್ ಪುಡಿಯೊಡನೆ ಬೆರೆಸಲೂಬೇಡಿ. ಅದರ ಆವಿ ಕಣ್ಣು, ಗಂಟಲು ಉರಿಸುತ್ತದೆ. ಮನುಷ್ಯನ ವಾಸಕ್ಕೆ ಗೋಡೆಗೆ ಸುಣ್ಣ ಬಳಿದರೆ ಸಾಕು.

ಇಲಿ ಇದ್ದ ಕಡೆ ಹಾವೂ ಬರುತ್ತದೆ. ಮೂಲೆಯ ಗೋಣಿಚೀಲಕ್ಕೆ ನೇರವಾಗಿ ಕೈ ಹಾಕದೆ ಕೋಲಿನಿಂದ ಸರಿಸಿ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸುವುದು ಬೇಡ. ಕಚ್ಚಿದ ಕಾಲು ಅಥವಾ ಕೈಯನ್ನು ಅಲುಗಾಡಿಸದೆ 108 ಕರೆಸಿ ಆಸ್ಪತ್ರೆಗೆ ಹೋಗಿ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುವುದೇ ಹೆಚ್ಚು. ಇಲ್ಲಿ ಮಲಗುವುದಾದರೆ ಮಂಚ, ಸೊಳ್ಳೆಪರದೆ ಇರಲಿ. ಕೊಟ್ಟಿಗೆಯ ಮಣ್ಣಿನಲ್ಲಿ ಧನುರ್ವಾಯುವಿನ ರೋಗಾಣು ಸಾಮಾನ್ಯ. ಆದ್ದರಿಂದ ತುಕ್ಕು ಮೊಳೆ ಚುಚ್ಚಿದರೆ ಚುಚ್ಚುಮದ್ದು ಹಾಕಿಸಿಕೊಳ್ಳಿ.

ಆ ಡಬ್ಬ ಹೊರಗಿರಲಿ

ದ್ರಾಕ್ಷಿ, ಟೊಮೆಟೊ ತೋಟಕ್ಕೆ ಹೊಡೆಯುವ ಔಷಧಿಯ ಡಬ್ಬ ಹಿತ್ತಲ ಶೆಡ್ಡಿನಲ್ಲೇ ಇರುವುದು ವಾಡಿಕೆ. ಮನಸ್ಸು ಭಾರವಾದಾಗ ಒಬ್ಬರೇ ಹೋಗಿ ಕೂರುವ ಕೋಣೆಯಲ್ಲಿ ವಿಷ ಕೈಗೆಟುಕುವಂತಿರಬಾರದು. ಸಾಯುವ ಯೋಚನೆ ಎಷ್ಟೋ ಸಲ ಒಂದು ಗಳಿಗೆಯದು. ಆ ಗಳಿಗೆಯಲ್ಲಿ ವಿಷ ಸಿಗದಿದ್ದರೆ ಜೀವ ಉಳಿಯುತ್ತದೆ. ಡಬ್ಬವನ್ನು ಬೇರೆಡೆ, ಬೀಗವಿರುವ ಪೆಟ್ಟಿಗೆಯಲ್ಲಿಡಿ; ಬೀಗದ ಕೈ ಒಬ್ಬರ ಬಳಿ ಮಾತ್ರ ಇರಲಿ. ಖಾಲಿ ಡಬ್ಬವನ್ನು ನೀರಿಗೆ, ಎಣ್ಣೆಗೆ ಬಳಸಬೇಡಿ.

ಗಾಳಿ ಮತ್ತು ಬೆಂಕಿ

ಹುಳುವಿಗೆ ಬೆಚ್ಚಗಿರಬೇಕು. ಅದಕ್ಕೇ ಚಳಿಗಾಲದಲ್ಲಿ ಕಿಟಕಿ ಮುಚ್ಚಿ ಇದ್ದಿಲ ಒಲೆ ಇಡುತ್ತಿದ್ದರು. ಮನುಷ್ಯ ಕೂರುವ ಕೋಣೆಯಲ್ಲಿ ಈ ರೂಢಿ ಪ್ರಾಣಾಂತಿಕ. ಉರಿಯುವ ಇದ್ದಿಲು ಹೊರಬಿಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಆಕ್ರಮಿಸುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಆಮೇಲೆ ನಿದ್ದೆಯಲ್ಲೇ ಸಾವು. ಧನುರ್ಮಾಸದ ಚಳಿಗೆ ಕಂಬಳಿ ಹೊದೆಯಿರಿ, ಕೆಂಡ ಒಳಗೆ ತರಬೇಡಿ.

ಎದುರುಬದುರು ಎರಡು ಕಿಟಕಿ, ಅದಕ್ಕೆ ಸೊಳ್ಳೆಜಾಲರಿ ಇರಲಿ. ಬೇಸಿಗೆಯಲ್ಲಿ ತಗಡಿನ ಶೀಟಿನ ಕೆಳಗೆ ಕೂರಲಾಗದು. ಮೇಲೆ ಬಿಳಿ ಸುಣ್ಣ ಹೊಡೆದರೆ ಕಾವು ಇಳಿಯುತ್ತದೆ. ಚಾವಣಿ ಕಲ್ನಾರಿನದಾದರೆ ಅದನ್ನು ಕೊರೆಯುವುದು, ಕತ್ತರಿಸುವುದು, ಒಡೆಯುವುದು ಬೇಡ. ಅದರ ಸೂಕ್ಷ್ಮ ನಾರು ಶ್ವಾಸಕೋಶದಲ್ಲಿ ಉಳಿದು, ಎಷ್ಟೋ ವರ್ಷಗಳ ನಂತರ ಕ್ಯಾನ್ಸರ್ ತರಬಲ್ಲದು.

ಕೋಣೆ ಯಾರದು?

ಬೆಳಗಿನಿಂದ ರಾತ್ರಿವರೆಗೆ ಸೊಪ್ಪು, ಹಾಲು, ಅಡುಗೆ ಎಂದು ದುಡಿಯುವ ಗೃಹಿಣಿಗೆ ಮನೆಯಲ್ಲಿ ತನ್ನದೆನ್ನುವ ಮೂಲೆಯೇ ಇರುವುದಿಲ್ಲ. ತಲೆನೋವು, ಮೈಕೈ ನೋವು ಎಂದು ಆಸ್ಪತ್ರೆಗೆ ಬರುವ ಹೆಂಗಸರಲ್ಲಿ ಹಲವರಿಗೆ ಮಾತ್ರೆಯಷ್ಟೇ ವಿರಾಮವೂ ಬೇಕಾಗಿರುತ್ತದೆ. ಯಜಮಾನರೇ, ಕೋಣೆಯ ಮೊದಲ ಅರ್ಧ ಗಂಟೆ ಆಕೆಗೆ ಕೊಡಿ. ಆ ಹೊತ್ತಿನಲ್ಲಿ ಕಾಫಿಗೆ ಕೂಗಬೇಡಿ. ಬೀಡಿ, ಬಾಟಲಿ ಅಲ್ಲಿಗೆ ಬಾರದಿರಲಿ. ಮೊಬೈಲ್ ಮನೆಯಲ್ಲೇ ಇರಲಿ. ವಯಸ್ಸಾದವರು, ಹೃದ್ರೋಗಿಗಳು ಒಳಗಿನಿಂದ ಚಿಲಕ ಹಾಕಿಕೊಳ್ಳಬಾರದು.

ಅರ್ಧ ಗಂಟೆ ಏಕಾಂತ ಮುಗಿಸಿ ಹಗುರಾಗಿ ಹೊರಬಂದರೆ ಅದು ಆರೋಗ್ಯ. ಆದರೆ ಯಾರಾದರೂ ಇಡೀ ದಿನ ಅಲ್ಲೇ ಉಳಿದು ಊಟ, ಮಾತು, ನಿದ್ದೆ ಬಿಟ್ಟು, ಎರಡು ವಾರ ಕಳೆದರೂ ಹಾಗೆಯೇ ಇದ್ದರೆ ಅದು ಏಕಾಂತವಲ್ಲ, ಖಿನ್ನತೆ ಇರಬಹುದು. ಗದರಬೇಡಿ, ದೇವರು ಮೈಮೇಲೆ ಬಂದಿದೆ ಎನ್ನಬೇಡಿ, ವೈದ್ಯರಲ್ಲಿಗೆ ಕರೆತನ್ನಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಈ ಸಂಖ್ಯೆಯನ್ನು ಕೋಣೆಯ ಬಾಗಿಲ ಹಿಂದೆ ಬರೆದಿಡಿ.