ವಿದ್ಯುತ್ತಿನ ಪತ್ತಾಯ

ಆಟಿ ತಿಂಗಳ ಮಳೆಯನ್ನು ಕಂಡವರಿಗೆ ಬೆಳ್ತಂಗಡಿ ಕಡೆಯ ರಾತ್ರಿ ಹೇಗಿರುತ್ತದೆಂದು ವಿವರಿಸಬೇಕಾಗಿಲ್ಲ. ಘಟ್ಟದ ಬುಡದಿಂದ ಗಾಳಿ ಎದ್ದಿತೆಂದರೆ ಅಡಕೆಯ ಸೋಗೆಗಳು ಒಂದೊಂದಾಗಿ ಕಳಚಿ ಬೀಳತೊಡಗುತ್ತವೆ. ವಿದ್ಯುತ್ತಿನ ತಂತಿಯೂ ಅದೇ ತೋಟದ ನಡುವಿನಿಂದ ಹಾದುಬಂದಿರುತ್ತದೆ. ಒಂದು ಸೋಗೆ ತಂತಿಯ ಮೇಲೆ ಬಿದ್ದರೆ ಸಾಕು, ಊರಿಗೆ ಊರೇ ಕತ್ತಲು. 2019ರ ಆಗಸ್ಟ್ ತಿಂಗಳಲ್ಲಿ ಚಾರ್ಮಾಡಿ, ಮುಂಡಾಜೆಗಳ ಕಡೆ ನೆರೆ ಬಂದಾಗಲಂತೂ ತೋಟ, ರಸ್ತೆಗಳೊಡನೆ ವಿದ್ಯುತ್ ಕಂಬಗಳೂ ನೆಲಕಚ್ಚಿದವು.

ಅಂತಹ ರಾತ್ರಿಗಳಲ್ಲಿ ಮನೆಮಂದಿಯ ದೃಷ್ಟಿಯೆಲ್ಲ ಚಾವಡಿಯ ಮೂಲೆಯಲ್ಲಿರುವ ಇನ್‌ವರ್ಟರಿನ ಕಡೆಗೆ ಹರಿಯುತ್ತದೆ. ನಾಲ್ಕು ತಾಸು ಉರಿಯಬೇಕಾದ ದೀಪಗಳು ಅರ್ಧ ತಾಸಿಗೇ ನಂದಿದರೆ, ಚಾರ್ಜರ್ ಕೆಟ್ಟಿದೆ ಎನ್ನುತ್ತಾರೆ ಮನೆಯ ಯಜಮಾನರು. ಚಾರ್ಜರ್ ಸರಿಯಾಗಿದೆ, ಬ್ಯಾಟರಿಯೇ ಹೋಗಿದೆ ಎನ್ನುತ್ತಾರೆ ಅಂಗಡಿಯವರು. ಈ ವ್ಯಾಜ್ಯದಲ್ಲಿ ಸತ್ಯ ಯಾರ ಕಡೆಗಿದೆ ಎಂಬುದನ್ನು ನಿಮ್ಮಂತೆ ಪ್ರೌಢಶಾಲೆಯ ವಿಜ್ಞಾನವನ್ನು ಓದಿದವರು ಬಹುಮಟ್ಟಿಗೆ ತಾವೇ ತೀರ್ಮಾನಿಸಬಹುದು.

ನಮ್ಮ ಹಳೆಯ ಮನೆಗಳಲ್ಲಿ ಪತ್ತಾಯವೆಂಬ ಮರದ ದೊಡ್ಡ ಪೆಟ್ಟಿಗೆ ಇರುತ್ತಿತ್ತು. ಸುಗ್ಗಿಯಲ್ಲಿ ತುಂಬಿದ ಭತ್ತವನ್ನು ಮಳೆಗಾಲದಲ್ಲಿ ತೆಗೆದು ಬಳಸುತ್ತಿದ್ದರು. ಬ್ಯಾಟರಿಯೂ ಒಂದು ಪತ್ತಾಯವೇ. ಆದರೆ ಒಂದು ವ್ಯತ್ಯಾಸ ಉಂಟು. ಪತ್ತಾಯದಲ್ಲಿ ಭತ್ತವು ಭತ್ತವಾಗಿಯೇ ಇರುತ್ತದೆ. ಬ್ಯಾಟರಿಯೊಳಗೆ ವಿದ್ಯುತ್ತು ವಿದ್ಯುತ್ತಾಗಿ ಇರುವುದಿಲ್ಲ. ಅದು ರಾಸಾಯನಿಕ ಶಕ್ತಿಯಾಗಿ ಮಾರ್ಪಟ್ಟು ಕುಳಿತಿರುತ್ತದೆ. ಸೀಸದ ಫಲಕಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿ ಹೀಗೆ ಶಕ್ತಿಯನ್ನು ಕೂಡಿಡಬಹುದೆಂದು 1859ರಲ್ಲಿ ತೋರಿಸಿಕೊಟ್ಟವನು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ. ಅವನ ಬಳಿಕ ಎಷ್ಟೋ ಯಂತ್ರಗಳು ಬಂದು ಮೂಲೆಗುಂಪಾದವು. ಈ ಸೀಸದ ಪೆಟ್ಟಿಗೆ ಮಾತ್ರ ಇಂದಿಗೂ ಉಳಿದಿದೆ.

ಅದರ ಧನಫಲಕದಲ್ಲಿ ಸೀಸದ ಡೈಆಕ್ಸೈಡ್, ಋಣಫಲಕದಲ್ಲಿ ಶುದ್ಧ ಸೀಸ, ನಡುವೆ ನೀರು ಬೆರೆಸಿದ ಗಂಧಕಾಮ್ಲ ಇರುತ್ತವೆ. ದೀಪ ಉರಿಯುತ್ತಿರುವಾಗ ಎರಡು ಫಲಕಗಳೂ ಮೆಲ್ಲಮೆಲ್ಲನೆ ಸೀಸದ ಸಲ್ಫೇಟ್ ಆಗುತ್ತವೆ, ಆಮ್ಲವು ತೆಳುವಾಗುತ್ತದೆ. ಚಾರ್ಜರ್ ಹೊರಗಿನಿಂದ ವಿದ್ಯುತ್ತನ್ನು ಹರಿಸಿ ಈ ಕ್ರಿಯೆಯನ್ನು ಹಿಮ್ಮುಖವಾಗಿ ನಡೆಸುತ್ತದೆ. ಒಂದು ಕೋಶದಿಂದ ದೊರೆಯುವುದು ಸುಮಾರು 2 ವೋಲ್ಟ್ ಮಾತ್ರ. ಆರು ಕೋಶಗಳನ್ನು ಸರಣಿಯಲ್ಲಿ ಜೋಡಿಸಿದರೆ ಮನೆಯ 12 ವೋಲ್ಟಿನ ಬ್ಯಾಟರಿ. ಮೈಸೂರಿನ ಮೃಗಾಲಯದಲ್ಲಿ ನಡೆಯಲಾರದವರನ್ನು ಕೂರಿಸಿಕೊಂಡು ಸದ್ದಿಲ್ಲದೆ ಸಾಗುವ ಬ್ಯಾಟರಿ ಬಂಡಿಗಳನ್ನು ನೀವು ನೋಡಿರಬಹುದು. ಗಾಲ್ಫ್ ಆಡುವ ಬಯಲುಗಳಲ್ಲಿ ಓಡುವ ಬಂಡಿಗಳೂ ಇದೇ ಜಾತಿಯವು. ಅವುಗಳ ಆಸನದ ಕೆಳಗೆ 6 ವೋಲ್ಟಿನ ಆರು ಬ್ಯಾಟರಿಗಳನ್ನು ಜೋಡಿಸಿ 36 ವೋಲ್ಟನ್ನೋ, 8 ವೋಲ್ಟಿನ ಆರನ್ನು ಜೋಡಿಸಿ 48 ವೋಲ್ಟನ್ನೋ ಪಡೆಯುವುದುಂಟು. ಗಾತ್ರ ಬೇರೆಯಾದರೂ ಒಳಗಿನ ಧರ್ಮ ಒಂದೇ.

ಚಾರ್ಜರಿನ ಕೆಲಸ ಎರಡು ಬಗೆಯದು. ಗೋಡೆಯ 230 ವೋಲ್ಟನ್ನು ತಗ್ಗಿಸಿ, ಹಿಂದುಮುಂದಾಗಿ ಹರಿಯುವ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಯುವಂತೆ ಮಾಡುವುದು ಮೊದಲನೆಯದು. ಬ್ಯಾಟರಿ ತುಂಬುತ್ತ ಬಂದಂತೆ ಕೈ ಬಿಗಿಹಿಡಿಯುವುದು ಎರಡನೆಯದು. 12 ವೋಲ್ಟಿನ ಬ್ಯಾಟರಿಗೆ ಮೊದಲು ಧಾರಾಳವಾಗಿ ಕೊಟ್ಟು, ಸುಮಾರು 14.4 ವೋಲ್ಟ್ ತಲಪಿದ ಮೇಲೆ ಪ್ರವಾಹವನ್ನು ಕುಗ್ಗಿಸುತ್ತ ಹೋಗಿ, ಕೊನೆಗೆ 13.6ರ ಆಸುಪಾಸಿನಲ್ಲಿ ನಿಲ್ಲಿಸುವುದು ಒಳ್ಳೆಯ ಚಾರ್ಜರಿನ ಲಕ್ಷಣ. ಇನ್‌ವರ್ಟರಿನಲ್ಲಿ ಈ ಚಾರ್ಜರ್ ಪೆಟ್ಟಿಗೆಯ ಒಳಗೇ ಅಡಗಿರುತ್ತದೆ. ಬಂಡಿಗಳಿಗಾದರೆ ಬಹುಮಟ್ಟಿಗೆ ಪ್ರತ್ಯೇಕವಾಗಿರುತ್ತದೆ.

ನಾನು ಉಪಾಧ್ಯಾಯ ವೃತ್ತಿಗೆ ಹೊಸದಾಗಿ ಸೇರಿದ್ದ ಕಾಲ. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಆರಂಭವಾಯಿತು. ಮೂಡುಬಿದಿರೆಯ ಒಳಹಳ್ಳಿಗಳಲ್ಲಿ ಕರೆಂಟು ಬಾರದ ಮನೆಯವರು ಕಾರಿನ ಬ್ಯಾಟರಿಯೊಂದನ್ನು ಬಸ್ಸಿನಲ್ಲಿ ಪೇಟೆಗೆ ಸಾಗಿಸಿ, ಚಾರ್ಜಿಗೆ ಕೊಟ್ಟು, ಭಾನುವಾರ ಬೆಳಗಾಗುವ ಮುನ್ನ ಮನೆ ಸೇರಿಸುತ್ತಿದ್ದರು. ಆ ಅಂಗಡಿಯಲ್ಲಿ ಬ್ಯಾಟರಿಗಳ ಸಾಲೇ ಇರುತ್ತಿತ್ತು; ಬಿರಡೆ ತೆಗೆದ ಬಾಯಿಗಳಲ್ಲಿ ಗುಳ್ಳೆಗಳು ಏಳುತ್ತಿದ್ದವು. ಯಾರಾದರೂ ಬೀಡಿ ಹಚ್ಚಿಕೊಂಡು ಒಳಗೆ ಕಾಲಿಟ್ಟರೆ ಅಂಗಡಿಯ ಮುದುಕರು ಗದರಿಸಿ ಹೊರಗಟ್ಟುತ್ತಿದ್ದರು. ಅದು ಅವರ ಮುಂಗೋಪವೆಂದೇ ನಾನು ಬಹುಕಾಲ ತಿಳಿದಿದ್ದೆ.

ಅವರ ಕೋಪಕ್ಕೆ ಕಾರಣ ಆ ಗುಳ್ಳೆಗಳು. ಚಾರ್ಜ್ ತುಂಬುವ ಹಂತದಲ್ಲಿ ನೀರು ವಿಭಜನೆಗೊಂಡು ಜಲಜನಕವೂ ಆಮ್ಲಜನಕವೂ ಹೊರಬರುತ್ತವೆ. ಗಾಳಿಯಲ್ಲಿ ಜಲಜನಕವು ನೂರಕ್ಕೆ ನಾಲ್ಕು ಭಾಗದಷ್ಟು ಸೇರಿದರೆ ಸಾಕು, ಒಂದು ಕಿಡಿಗೆ ಅದು ಸಿಡಿಯಬಲ್ಲುದು. ಬಣ್ಣವಿಲ್ಲ, ವಾಸನೆಯಿಲ್ಲ, ಆದುದರಿಂದ ಎಚ್ಚರಿಕೆಯ ಸೂಚನೆಯೂ ಇಲ್ಲ.

ಈ ಮಾತಿನ ಅರ್ಥ ನನಗೆ ಮನದಟ್ಟಾದುದು ಕೆಲವು ವರ್ಷಗಳ ಹಿಂದೆ, ನಮ್ಮ ಬಂಧುಗಳ ಮನೆಯಲ್ಲಿ. ಬ್ಯಾಟರಿ ಕಣ್ಣಿಗೆ ಬೀಳಬಾರದೆಂದು ಅವರು ಅದನ್ನು ಮೆಟ್ಟಿಲಿನ ಕೆಳಗೆ ಬಾಗಿಲುಳ್ಳ ಕಪಾಟಿನಲ್ಲಿ ಇರಿಸಿದ್ದರು. ಒಂದು ದಿನ ಅಗ್ರದಲ್ಲಿ ಬಿಳಿಹಸುರು ಕಿಲುಬು ಕಟ್ಟಿರುವುದನ್ನು ಕಂಡು, ಚಾರ್ಜ್ ನಡೆಯುತ್ತಿರುವಾಗಲೇ ತಂತಿಯನ್ನು ಸಡಿಲಿಸಿ ಎತ್ತಿದರು. ಚಿಕ್ಕದೊಂದು ಕಿಡಿ, ಮರುಕ್ಷಣವೇ ಗರ್ನಾಲಿನಂತಹ ಶಬ್ದ. ಬ್ಯಾಟರಿಯ ತಲೆ ಹಾರಿ, ಆಮ್ಲವು ಅವರ ಮುಖಕ್ಕೆ ಎರಚಿತು. ಮನೆಯಲ್ಲಿ ನಿಮ್ಮ ವಯಸ್ಸಿನ ಹುಡುಗಿ ಇದ್ದಳು. ಅವಳು ತಂದೆಯನ್ನು ಬಚ್ಚಲಿಗೆ ಎಳೆದೊಯ್ದು, ರೆಪ್ಪೆಗಳನ್ನು ಬಿಡಿಸಿ ಹಿಡಿದು, ಕಾಲು ಗಂಟೆಗೂ ಹೆಚ್ಚು ಹೊತ್ತು ಕಣ್ಣಿಗೆ ನೀರು ಸುರಿಯುತ್ತಲೇ ಇದ್ದಳಂತೆ. ಆ ಬಳಿಕವೇ ಆಸ್ಪತ್ರೆಗೆ ಹೊರಟದ್ದು. ಕಣ್ಣು ಉಳಿದುದು ಆ ನೀರಿನಿಂದಲೇ ಎಂದು ವೈದ್ಯರು ಹೇಳಿದರು. ನೆಲಕ್ಕೆ ಚೆಲ್ಲಿದ ಆಮ್ಲದ ಮೇಲೆ ಅಡುಗೆಯ ಸೋಡ ಹಾಕಬಹುದು. ಕಣ್ಣಿಗೆ ಮಾತ್ರ ಶುದ್ಧವಾದ ನೀರಲ್ಲದೆ ಬೇರೇನೂ ಕೂಡದು.

ಬ್ಯಾಟರಿಗೆ ಅಲಂಕಾರ ಬೇಕಾಗಿಲ್ಲ, ಗಾಳಿ ಬೇಕು. ಹಿಂದಿನ ಜಗಲಿಯೋ ಕಿಟಕಿಯ ಬದಿಯೋ ಅದಕ್ಕೆ ತಕ್ಕ ಸ್ಥಳ; ದೇವರ ದೀಪದ ಅಡಿಯೂ ಅಲ್ಲ, ಒಲೆಯ ಪಕ್ಕವೂ ಅಲ್ಲ. ಚಾರ್ಜರನ್ನು ಜೋಡಿಸುವಾಗ ಗೋಡೆಯ ಸ್ವಿಚ್ಚು ಆರಿರಬೇಕು. ಧನಕ್ಕೆ ಧನ, ಋಣಕ್ಕೆ ಋಣ ಸೇರಿಸಿದ ಮೇಲೆಯೇ ಸ್ವಿಚ್ಚು ಹಾಕಬೇಕು. ಬಿಡಿಸುವಾಗ ಮೊದಲು ಸ್ವಿಚ್ಚು, ಆಮೇಲೆ ತಂತಿ. ಇನ್‌ವರ್ಟರ್ ಆಗಿದ್ದರೆ ಅದರ ಸ್ವಿಚ್ಚನ್ನೂ ಆರಿಸಬೇಕು. ಕಿಡಿಯು ಬ್ಯಾಟರಿಯ ಬಳಿ ಹುಟ್ಟದಿರಲೆಂಬುದೇ ಈ ಕ್ರಮದ ಉದ್ದೇಶ. ಬಳೆ, ಉಂಗುರಗಳನ್ನು ತೆಗೆದಿಡಬೇಕು; ಲೋಹದ ಒಂದು ತುಂಡು ಎರಡು ಅಗ್ರಗಳಿಗೂ ತಾಗಿದರೆ ಕೆಂಪಗೆ ಕಾಯುತ್ತದೆ. ಚಾರ್ಜರಿನ ಮುಚ್ಚಳವನ್ನು ಬಿಚ್ಚುವುದು ತಿಳಿದವರ ಕೆಲಸ. ಗೋಡೆಯಿಂದ ಬಿಡಿಸಿದ ಮೇಲೂ ಅದರೊಳಗೆ ವಿದ್ಯುತ್ತು ಸ್ವಲ್ಪ ಹೊತ್ತು ಉಳಿದಿರಬಹುದು.

ಇನ್ನು ಮೊದಲು ಹೇಳಿದ ವ್ಯಾಜ್ಯದ ವಿಚಾರ. ಅಗ್ರಗಳಲ್ಲಿ ಕಿಲುಬಿದೆಯೆ, ತಂತಿ ಸಡಿಲವಾಗಿದೆಯೆ ಎಂಬುದನ್ನು ನೋಡುವುದು ಮೊದಲ ಹೆಜ್ಜೆ. ಹಣ ತೆತ್ತು ರಿಪೇರಿಗೆ ಒಯ್ದ ಎಷ್ಟೋ ಚಾರ್ಜರುಗಳ ಕಾಯಿಲೆ ಇಷ್ಟೇ. ಬಳಿಕ ವೋಲ್ಟ್‌ಮಾಪಕ ಬೇಕು. ಕೆಲವು ತಾಸು ವಿಶ್ರಾಂತಿಯಲ್ಲಿದ್ದ ಬ್ಯಾಟರಿ 12.6 ವೋಲ್ಟ್ ಅಥವಾ ಅದಕ್ಕೂ ಹೆಚ್ಚು ತೋರಿಸಿದರೆ ಅದು ತುಂಬಿದೆ. 12ಕ್ಕಿಂತ ಕೆಳಗಿದ್ದರೆ ಬಹುತೇಕ ಬರಿದಾಗಿದೆ. ಈಗ ಚಾರ್ಜರನ್ನು ಹಾಕಿ ನೋಡಿರಿ. ಅಂಕಿ ಮೇಲೇರದೆ ಇದ್ದಲ್ಲೇ ನಿಂತರೆ ತಪ್ಪು ಚಾರ್ಜರಿನದೋ ಅದರ ಫ್ಯೂಸಿನದೋ ಇರಬೇಕು. ನಿಧಾನವಾಗಿ ಏರುತ್ತ ಹೋದರೆ ಚಾರ್ಜರ್ ನಿರ್ದೋಷಿ. ಅಂಕಿಯು ಕ್ಷಿಪ್ರವಾಗಿ 14ನ್ನು ದಾಟಿ, ಅರ್ಧ ತಾಸಿನಲ್ಲೇ ತುಂಬಿತೆಂಬ ದೀಪ ಹತ್ತಿ, ಬಳಸಹೊರಟರೆ ಅಷ್ಟೇ ಬೇಗ ಇಳಿದುಹೋದರೆ ಬ್ಯಾಟರಿಯದೇ ದೋಷ. ಬರಿದಾದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೆಯೇ ಬಿಟ್ಟರೆ ಫಲಕದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ; ಅದನ್ನು ಕರಗಿಸುವುದು ಸುಲಭವಲ್ಲ.

ಬಂಡಿಗಳ ಸ್ವಯಂಚಾಲಿತ ಚಾರ್ಜರಿನಲ್ಲಿ ಒಂದು ವಿಚಿತ್ರವುಂಟು. ಅವುಗಳಲ್ಲಿ ಅನೇಕವು ಮೊದಲು ಬ್ಯಾಟರಿಯ ವೋಲ್ಟನ್ನು ಪರೀಕ್ಷಿಸಿ, ತಕ್ಕಷ್ಟು ಇದ್ದರೆ ಮಾತ್ರ ಕೆಲಸ ಆರಂಭಿಸುತ್ತವೆ. ತೆರೆದ ತಂತಿಯಲ್ಲಿ ಕಿಡಿ ಏಳದಿರಲೆಂದು ಮಾಡಿದ ಏರ್ಪಾಡು ಅದು. ಹಾಗಾಗಿ ಬ್ಯಾಟರಿ ತೀರ ಇಳಿದಿದ್ದರೆ ಚಾರ್ಜರ್ ಮಿಸುಕುವುದೇ ಇಲ್ಲ. ಹಸಿವು ಮಿತಿಮೀರಿದವನಿಗೆ ಊಟ ಬಡಿಸಲು ಒಪ್ಪದ ಅಡಿಗೆಯವನಂತೆ! ಜನ ಹೊಸ ಚಾರ್ಜರನ್ನು ಕೊಂಡು ತರುತ್ತಾರೆ, ಅದೂ ಸುಮ್ಮನಿರುತ್ತದೆ.

ಗೋಡೆಯ ವಿದ್ಯುತ್ತಿನದೇ ತಪ್ಪಾಗಿರಲೂಬಹುದು. ಬಂಟ್ವಾಳದ ನೇತ್ರಾವತಿ ತೀರದ ತೋಟಗಳಲ್ಲಿ ಬೇಸಗೆಯ ಪಂಪುಗಳು ಒಮ್ಮೆಲೇ ನಡೆಯುವಾಗ ತಂತಿಯ ಕೊನೆಯ ಮನೆಗಳಲ್ಲಿ ವೋಲ್ಟ್ ಕುಗ್ಗುವುದುಂಟು. ಆಗ ಹಳೆಯ ಮಾದರಿಯ ಚಾರ್ಜರ್ ರಾತ್ರಿಯಿಡೀ ಗುಂಯ್ಗುಟ್ಟಿದರೂ ಬ್ಯಾಟರಿ ಅರೆಹೊಟ್ಟೆಯಲ್ಲೇ ಇರುತ್ತದೆ. ಲೆಕ್ಕದ ತಪ್ಪೂ ಉಂಟು. 12 ವೋಲ್ಟಿನ, 150 ಆಂಪಿಯರ್-ತಾಸಿನ ಬ್ಯಾಟರಿಯಲ್ಲಿರುವುದು 1800 ವಾಟ್-ತಾಸು. 10 ವಾಟಿನ ನಾಲ್ಕು ದೀಪ, 70 ವಾಟಿನ ಎರಡು ಪಂಖ ಸೇರಿ 180 ವಾಟ್. ಕಾಗದದ ಮೇಲೆ ಹತ್ತು ತಾಸು. ಆದರೆ ದಾರಿಯ ನಷ್ಟವನ್ನು ಕಳೆದು, ಪತ್ತಾಯದ ತಳ ಗೀಚದಂತೆ ಬಳಸಿದರೆ ಐದು ತಾಸೆಂದು ಎಣಿಸಿಕೊಳ್ಳುವುದು ಜಾಣತನ.

ನೀರಿನ ವಿಷಯದಲ್ಲಿ ನಮ್ಮವರ ಔದಾಸೀನ್ಯ ಹೇಳತೀರದು. ಗುಳ್ಳೆಯಾಗಿ ಹೋಗುವುದು ನೀರೇ ಹೊರತು ಆಮ್ಲವಲ್ಲ, ತುಂಬಬೇಕಾದುದೂ ನೀರೇ. ಅದು ಭಟ್ಟಿ ಇಳಿಸಿದ ನೀರಾಗಿರಬೇಕು. ನಮ್ಮ ಬಾವಿಯ ನೀರು ಕುಡಿಯಲು ಎಷ್ಟು ಸವಿಯಾದರೂ ಅದರಲ್ಲಿ ಕರಗಿರುವ ಲವಣಗಳು ಫಲಕಗಳನ್ನು ಕೆಡಿಸುತ್ತವೆ. ಫಲಕಗಳು ಬರಿದಾಗಿ ಕಾಣುತ್ತಿದ್ದರೆ ಅವು ಮುಳುಗುವಷ್ಟು ಮಾತ್ರ ಮೊದಲು ಹಾಕಿ, ಉಳಿದುದನ್ನು ಚಾರ್ಜ್ ಮುಗಿದ ಮೇಲೆ ತುಂಬಬೇಕು; ಇಲ್ಲವಾದರೆ ಕಾದು ಹಿಗ್ಗಿದ ಆಮ್ಲ ಉಕ್ಕಿ ಹೊರಚೆಲ್ಲುತ್ತದೆ. ಬ್ಯಾಟರಿ ಉಬ್ಬಿದ್ದರೆ, ಮುಟ್ಟಲಾರದಷ್ಟು ಬಿಸಿಯಾಗಿದ್ದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಗೋಡೆಯ ಸ್ವಿಚ್ಚನ್ನು ಆರಿಸಿ, ಕಿಟಕಿ ತೆರೆದು, ದೂರ ಸರಿಯಬೇಕು. ಈಚೆಗೆ ಬಂದಿರುವ ಲಿಥಿಯಂ ಬ್ಯಾಟರಿಗಳ ರೀತಿ ಬೇರೆ. ಅವುಗಳಿಗೆ ಸೀಸದ ಬ್ಯಾಟರಿಯ ಚಾರ್ಜರನ್ನು ಜೋಡಿಸುವಂತಿಲ್ಲ.

ಸತ್ತ ಬ್ಯಾಟರಿಯೂ ನಿರಪಾಯಿಯಲ್ಲ. ಕೆಲವರು ಅದರ ಆಮ್ಲವನ್ನು ತೋಟಕ್ಕೆ ಚೆಲ್ಲಿ, ಸೀಸವನ್ನು ಗುಜರಿಗೆ ಮಾರುತ್ತಾರೆ. ಮುರಕಲ್ಲಿನ ನೆಲ ನಮ್ಮದು. ಮೇಲೆ ಚೆಲ್ಲಿದುದು ಕೆಳಗಿನ ಬಾವಿಯನ್ನು ಸೇರಲು ಬಹುಕಾಲ ಬೇಡ. ಸೀಸವು ಮಕ್ಕಳ ಮಿದುಳನ್ನು ಕುಂದಿಸುವ ವಿಷ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯದನ್ನು ಮರಳಿ ಪಡೆದು ಸಂಸ್ಕರಿಸುವ ಹೊಣೆ ತಯಾರಕರದು. ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಒಡೆಯದೆ, ಆಮ್ಲ ಸಹಿತವಾಗಿ, ನೆಟ್ಟಗೆ ನಿಲ್ಲಿಸಿಕೊಂಡು ಅಂಗಡಿಗೆ ಒಯ್ದರೆ ಬೆಲೆಯಲ್ಲಿ ಅಷ್ಟು ಕಡಿತವೂ ದೊರೆಯುತ್ತದೆ; ಅದರ ಸೀಸ ಕರಗಿ ಮತ್ತೊಂದು ಬ್ಯಾಟರಿಯ ಫಲಕವಾಗಿ ಬರುತ್ತದೆ.